ಇಳಿಗಾಳಿಯ ಹೊತ್ತು

ನಮ್ಮ ಕಣಿವೆಯಲ್ಲಿ ಗಾಳಿ ದಿನಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಬೆಳಗಿನ ಜಾವ ತಣ್ಣಗಾದ ಬೆಟ್ಟದಿಂದ ಕೆಳಕ್ಕೆ ಜಾರುತ್ತದೆ, ನಿದ್ದೆಗಣ್ಣಿನಲ್ಲಿ ನಡೆಯುವವರ ಹಾಗೆ, ಸದ್ದಿಲ್ಲದೆ. ಬಿಸಿಲು ಕಣಿವೆಯ ತಳ ಮುಟ್ಟಿದಾಗ ಎರಡು ಬಟ್ಟಲು ಕಾಫಿ ಕುಡಿಯುವಷ್ಟು ಹೊತ್ತು ನಿಂತುಬಿಡುತ್ತದೆ. ಆಮೇಲೆ ಏನೋ ಮರೆತು ಬಂದವರ ಹಾಗೆ ಮೇಲಕ್ಕೆ ಹೊರಡುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಮೇಕೆ ಮೇಯಿಸುತ್ತ, ಕದಿರಿನಲ್ಲಿ ಉಣ್ಣೆ ನೂಲುತ್ತ ಕೂತಾಗ ಒಂದೊಂದು ಎಳೆ ಬೆರಳು ತಪ್ಪಿಸಿಕೊಂಡು ಹಾರುತ್ತದಲ್ಲ, ಅದು ಹೋದ ಕಡೆ ಕಣ್ಣು ನೆಟ್ಟು ನೆಟ್ಟು ಇಪ್ಪತ್ತು ವರ್ಷ ಕಳೆದಿದ್ದೆ. ಗಾಳಿ ಯಾವ ಬಂಡೆಯ ಬಳಿ ಸುತ್ತುತ್ತದೆ, ಯಾವ ಸಂದಿನಲ್ಲಿ ಸಾಯುತ್ತದೆ ಎಂಬುದು ನನ್ನ ಮನೆಯ ಪಾತ್ರೆಗಳಷ್ಟೇ ನನಗೆ ಗೊತ್ತಿತ್ತು.

ನನ್ನ ಗಂಡ ಸುವೈಲಿಮ್‌ಗೆ ಗೊತ್ತಿರಲಿಲ್ಲ. ಒಂದು ಕಾಲಕ್ಕೆ ಗೊತ್ತಿದ್ದಿರಬೇಕು. ಅವನ ಅಪ್ಪ, ನನ್ನ ದೊಡ್ಡಪ್ಪ, ಈ ಬೆಟ್ಟದ ದೊಡ್ಡ ಬೇಟೆಗಾರ. ಆದರೆ ಸುವೈಲಿಮ್ ಏಳು ವರ್ಷ ಬಹ್ರೇನಿನ ಎಣ್ಣೆ ಬಾವಿಗಳಲ್ಲಿ ದುಡಿದು ಆ ಬೇಸಿಗೆಯಲ್ಲಷ್ಟೇ ಮರಳಿದ್ದ. ಬರುವಾಗ ಒಂದು ಪೆಟ್ಟಿಗೆ ತುಂಬ ಗುಲಾಬಿ ಬಣ್ಣದ ಸಾಬೂನು ತಂದಿದ್ದ. ಊಟಕ್ಕೆ ಮೊದಲು ಒಂದು ಸಲ, ಮಲಗುವ ಮೊದಲು ಒಂದು ಸಲ ತೊಳೆದುಕೊಳ್ಳುತ್ತಿದ್ದ. ಆ ವಾಸನೆಯ ಪಕ್ಕದಲ್ಲಿ ನಾನು ನಾಲ್ಕು ತಿಂಗಳು ಮಲಗಿದ್ದೆ. ಕಣ್ಣು ಮುಚ್ಚಿದರೆ, ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎನ್ನುವ ಅತಿಥಿಯೊಬ್ಬ ಪಕ್ಕದಲ್ಲಿದ್ದಾನೆ ಅನ್ನಿಸುತ್ತಿತ್ತು.

ಆ ಸೋಮವಾರ ಬೋರೆ ಮರದ ಕೆಳಗೆ ಗಂಡಸರು ಕಾಫಿಗೆ ಸೇರಿದ್ದಾಗ ಮಾತು ಬೇಟೆಯ ಕಡೆಗೆ ತಿರುಗಿತಂತೆ. ಸುವೈಲಿಮ್ ತನ್ನಪ್ಪನ ಬಂದೂಕಿನ ಬಗ್ಗೆ ದೊಡ್ಡದಾಗಿ ಹೇಳಿಕೊಂಡನಂತೆ. ಅವನ ಸೋದರತ್ತೆಯ ಮಗ ಹುಮೈದ್ ಬಾಯಿ ತೆರೆದರೆ ಚುಚ್ಚುವವನೇ. "ಸುವೈಲಿಮ್, ನೀನು ಬರೋಕೆ ಮುಂಚೆ ನಿನ್ನ ಸಾಬೂನು ಬಂದು ಸಲಾಮ್ ಹೇಳುತ್ತೆ," ಅಂದನಂತೆ. "ಕಾಡುಮೇಕೆ ಹಾಗಿರಲಿ, ಮೊನ್ನೆ ನನ್ನ ಕತ್ತೆನೇ ಹಗ್ಗ ಕಿತ್ಕೊಂಡು ಓಡ್ತು."

ಎಲ್ಲರೂ ನಕ್ಕರು. ನಗುವಿನ ನಡುವೆ ನನ್ನ ಗಂಡ ಎದ್ದು ನಿಂತು, ಶುಕ್ರವಾರದ ನಮಾಜಿನೊಳಗೆ ಮೇಲಿನ ಕಣಿವೆಯಿಂದ ಕಾಡುಮೇಕೆ ಹೊಡೆದು ತರದಿದ್ದರೆ ತನ್ನ ಮನೆಯವಳಿಗೆ ತಲಾಖ್ ಎಂದು ಆಣೆ ಇಟ್ಟ.

ನಮ್ಮ ಗಂಡಸರಿಗೆ ಇದೊಂದು ಚಟ. ಅತಿಥಿ ಊಟ ಬೇಡವೆಂದರೂ ಹೆಂಡತಿಯ ಮೇಲೆ ಆಣೆ, ಒಂಟೆಯ ವ್ಯಾಪಾರದಲ್ಲೂ ಹೆಂಡತಿಯ ಮೇಲೆ ಆಣೆ. ಹೆಚ್ಚಿನವು ಹಾಗೇ ತೇಲಿಹೋಗುತ್ತವೆ. ಆದರೆ ಸುವೈಲಿಮ್ ಮದುವೆಯ ಹೊಸದರಲ್ಲಿ ಸಿಟ್ಟಿಗೆದ್ದು ಎರಡು ಸಲ ಆ ಮಾತು ಆಡಿ, ಎರಡು ಸಲವೂ ಹಿಂದಕ್ಕೆ ಪಡೆದಿದ್ದ. ಇದು ಮೂರನೆಯದು. ಮೂರನೆಯದನ್ನು ಹಿಂದಕ್ಕೆ ಪಡೆಯಲಾಗದು.

ಸುದ್ದಿ ತಂದವಳು ಅವನ ತಾಯಿ, ನನ್ನ ದೊಡ್ಡಮ್ಮ ರಾಯಾ. ಹೊಸ್ತಿಲಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತ ಎಲ್ಲ ಹೇಳಿದಳು. ಕೊನೆಗೆ, "ಅವನ ನಾಲಿಗೆಗೆ ಹುಟ್ಟಿದ ದಿನಾನೇ ಗಂಟು ಹಾಕಬೇಕಿತ್ತು ನಾನು. ಹೊಕ್ಕುಳಿಗೆ ಹಾಕಿ ಸುಮ್ಮನಾದೆ," ಅಂದಳು.

ನಾನು ಮೊಸರು ಕಡೆಯುತ್ತಿದ್ದೆ. ಚರ್ಮದ ಚೀಲ ಅತ್ತಿಂದಿತ್ತ ತೂಗುತ್ತಿತ್ತು. ಭಯವಾಗಬೇಕಿತ್ತು, ಅದಕ್ಕೆ ಕಾದೆ. ಬರಲಿಲ್ಲ. ಮೇಕೆಗಳು ನನ್ನವು, ಅಪ್ಪ ಕೊಟ್ಟವು. ಪಕ್ಕದ ಕಣಿವೆಯಲ್ಲಿ ಅಣ್ಣನ ಮನೆಯಿದೆ. ಮಗಳು ಮದುವೆಯಾಗಿ ಕೆಳಗಿನ ಖರ್ಜೂರದ ತೋಟದಲ್ಲಿದ್ದಾಳೆ. ಏಳು ವರ್ಷ ಗಂಡನಿಲ್ಲದೆ ಬೆಳಗಾಗಿತ್ತು, ಸಂಜೆಯಾಗಿತ್ತು. ಬೆಣ್ಣೆ ಕೂಡಿಕೊಂಡ ಸದ್ದು ಕೇಳಿದಾಗ ಚೀಲ ನಿಲ್ಲಿಸಿದೆ.

ಮಂಗಳವಾರ ಅವನು ಬರಿಗೈಯಲ್ಲಿ ಬಂದ. ಬುಧವಾರವೂ ಹಾಗೇ. ಗುರುವಾರ ಅಂಗಾಲು ಹರಿದುಕೊಂಡು ಬಂದ. ನನ್ನ ಜೊತೆ ಆಣೆಯ ವಿಷಯ ಎತ್ತಲಿಲ್ಲ, ನನಗೆ ಗೊತ್ತಿದೆಯೆಂದು ಅವನಿಗೆ ಗೊತ್ತಿದ್ದರೂ. ಸಂಜೆ ಅವನ ಕಾಲಿಗೆ ತುಪ್ಪ ಅರಿಸಿನ ಹಚ್ಚುವಾಗ ನಾನೇ ಕೇಳಿದೆ.

"ಒರತೆ ಕೆಳಗಿನ ತಿರುವಿನಲ್ಲಿ ಕೂತಿದ್ಯಾ?"

"ಇನ್ನೆಲ್ಲಿ? ಅಪ್ಪ ಕೂರ್ತಿದ್ದದ್ದೂ ಅಲ್ಲೇ."

"ದೊಡ್ಡಪ್ಪ ಸಾಬೂನು ಹಚ್ಚಿದವರಲ್ಲ."

ಅವನು ಕಾಲು ಎಳೆದುಕೊಂಡ. ನಾನು ಮತ್ತೆ ಹಿಡಿದು ಮಡಿಲಲ್ಲಿಟ್ಟುಕೊಂಡೆ. ಬೆಳಗಿನ ಜಾವ ಕಾಡುಮೇಕೆಗಳು ಒರತೆಯ ನೀರಿಗೆ ಇಳಿಯುತ್ತವೆ. ಅವನು ಅವುಗಳಿಗಿಂತ ಕೆಳಗೆ, ತಿರುವಿನಲ್ಲಿ ಕೂರುತ್ತಾನೆ. ಗಾಳಿ ಅವುಗಳಿಂದ ಅವನ ಕಡೆಗೆ ಬರುವುದರಿಂದ ತನ್ನ ವಾಸನೆ ಅವಕ್ಕೆ ಹೋಗದು ಎಂದು ಅವನ ಲೆಕ್ಕ. ಆದರೆ ಆ ತಿರುವಿನಲ್ಲಿ ಗಾಳಿ ಗೋಡೆಗೆ ಬಡಿದು ಸುತ್ತಿ ಮತ್ತೆ ಒರತೆಗೇ ಹೋಗುತ್ತದೆ. ನನ್ನ ಉಣ್ಣೆಯ ಎಳೆಗಳು ಅಲ್ಲಿ ಎಷ್ಟೋ ಸಲ ಹೋದ ದಾರಿಯಲ್ಲೇ ಮರಳಿ ಬಂದು ನನ್ನ ಮುಖಕ್ಕೆ ಅಂಟಿದ್ದವು. ಇದನ್ನೆಲ್ಲ ಹೇಳಿದೆ. ಅವನು ದೀಪ ನೋಡುತ್ತ ಕೇಳಿಸಿಕೊಂಡ.

"ಹಾಗಾದ್ರೆ ಎಲ್ಲಿ ಕೂರಲಿ, ಚಿಕ್ಕಪ್ಪನ ಮಗಳೇ?" ಅಂದ. ಮದುವೆಗೆ ಮುಂಚೆ ಕರೆಯುತ್ತಿದ್ದ ಹಾಗೆ ಕರೆದ.

"ಅಲ್ಲೇ ಕೂತ್ಕೋ. ಆದ್ರೆ ನನ್ನ ಕಂಬಳಿ ಹೊದ್ದು ಕೂತ್ಕೋ. ನಿನ್ನ ಅಂಗಿ ನಂಗೆ ಕೊಡು."

ದಿನವೂ ಮಂದೆಯೊಂದಿಗೆ ಅದೇ ಒರತೆಗೆ ಹೋಗುವವಳು ನಾನು. ಕಾಡುಮೇಕೆಗಳು ಮೇಲಿನ ಕಲ್ಲಂಚಿನಲ್ಲಿ ನಿಂತು ನನ್ನನ್ನು ನೋಡುತ್ತವೆ, ಮೂಗು ಅರಳಿಸುತ್ತವೆ, ಮತ್ತೆ ಮೇಯುತ್ತವೆ. ನನ್ನ ವಾಸನೆ ಅವಕ್ಕೆ ಕಲ್ಲಿನ ವಾಸನೆಯ ಹಾಗೆ. ತಿರುವಿನಿಂದ ಅದು ಸುತ್ತಿ ಬಂದರೂ ಬೆದರುವುದಿಲ್ಲ. ಬೆದರುವುದು ಅವನ ವಾಸನೆಗೆ. ಆ ವಾಸನೆ ಹೊತ್ತು ನಾನು ಕಣಿವೆಯ ನೆತ್ತಿಯಲ್ಲಿ ಕೂತರೆ ಇಳಿಗಾಳಿ ಅದನ್ನು ಅವುಗಳ ಬೆನ್ನಿಗೆ ಒಯ್ಯುತ್ತದೆ. ಮೇಲಿನ ದಾರಿ ಬಿಟ್ಟು ಅವು ಅಡ್ಡಹಾದಿ ಹಿಡಿಯುತ್ತವೆ. ಅಡ್ಡಹಾದಿ ತಿರುವಿಗೇ ಬಂದು ಸೇರುತ್ತದೆ.

ಆ ರಾತ್ರಿ ಅವನನ್ನು ಮೇಕೆಗಳ ನಡುವೆ ಮಲಗಿಸಿದೆವು. ಮೈಗೆಲ್ಲ ಕೊಟ್ಟಿಗೆಯ ಬೂದಿ. "ಎಣ್ಣೆ ಕಂಪನಿಯ ಸಾಹೇಬರು ಸುಖವಾಗಿ ಮಲಗಿದ್ರಾ?" ಎಂದು ದೊಡ್ಡಮ್ಮ ಗೋಡೆಯಾಚೆಯಿಂದ ಕೇಳಿದಳು. ಉತ್ತರಕ್ಕೆ ಒಂದು ಮರಿ ಅರಚಿತು.

ಇನ್ನೂ ಮಬ್ಬಿರುವಾಗ ಹೊರಟೆವು. ಒರತೆಯ ಕೆಳಗೆ ಅವನನ್ನು ಬಿಟ್ಟು, ಬಿಸಿಲು ಎದುರಿನ ಬಿಳಿ ಬಂಡೆ ಮುಟ್ಟುವುದರೊಳಗೆ ಹೊಡೆಯಬೇಕು, ಆಮೇಲೆ ಗಾಳಿ ತಿರುಗುತ್ತದೆ ಎಂದು ಹೇಳಿದೆ. ಅವನು ತಲೆಯಾಡಿಸಿದ. ನನ್ನ ಕಂಬಳಿಯಲ್ಲಿ ಅವನು ಗಿಡ್ಡಗೆ, ಹೆಂಗಸಿನ ಹಾಗೆ ಕಂಡ. ನಾನು ಹಿಂದಿನ ದಾರಿಯಿಂದ ಸುತ್ತಿಕೊಂಡು ನೆತ್ತಿಗೆ ಹತ್ತಿದೆ.

ಅಲ್ಲಿ ಒಂದು ದೊಡ್ಡ ಬಂಡೆಯಿದೆ. ಅದರ ಮುಂದೆ ನಿಂತರೆ ಗಾಳಿ ನಮ್ಮ ಕಣಿವೆಗೆ ಇಳಿಯುತ್ತದೆ. ಹತ್ತು ಹೆಜ್ಜೆ ಹಿಂದಕ್ಕೆ ಸರಿದರೆ ಅಣ್ಣನ ಊರಿನ ಕಣಿವೆಗೆ ಇಳಿಯುತ್ತದೆ. ನಾನು ಬಂಡೆಯ ಹಿಂದೆ ಕೂತೆ.

ದಣಿದಿದ್ದೇನೆ, ಒಂದು ಚಣ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಚಣ ಬೆಳೆಯಿತು. ಕೆಳಗೆ ಕಣಿವೆ ನೀಲಿ ಹಾಲಿನಲ್ಲಿ ಅದ್ದಿದಂತಿತ್ತು. ಅವನ ಅಂಗಿ ನನ್ನ ಮೈಮೇಲೆ ಸಡಿಲವಾಗಿ ಉಬ್ಬಿ ಇಳಿಯುತ್ತಿತ್ತು, ಇನ್ನೊಬ್ಬರು ಒಳಗಿದ್ದು ಉಸಿರಾಡುವ ಹಾಗೆ. ಇಲ್ಲೇ ಕೂತಿದ್ದರೆ ಸಾಕು. ಏನೂ ಮಾಡಬೇಕಿಲ್ಲ. ಕಾಡುಮೇಕೆಗಳು ನೀರು ಕುಡಿದು ತಮ್ಮ ಮೇಲಿನ ದಾರಿಯಲ್ಲೇ ಹೋಗುತ್ತವೆ. ಮಧ್ಯಾಹ್ನದ ಬಾಂಗ್ ಕೂಗುತ್ತದೆ. ನಾನು ಯಾರ ಹೆಂಡತಿಯೂ ಅಲ್ಲ. ನನ್ನ ಮಂದೆ ಅಟ್ಟಿಕೊಂಡು ಅಣ್ಣನ ಕಣಿವೆಗೆ ಇಳಿಯುತ್ತಿರುವುದು ಕಂಡಿತು. ಕನಸಲ್ಲಿ ಕಾಣುವ ಹಾಗೆ ನನ್ನನ್ನು ನಾನೇ ಬೆನ್ನಿನಿಂದ ನೋಡಿದೆ. ಆ ಹೆಂಗಸಿನ ನಡಿಗೆ ಹಗುರವಾಗಿತ್ತು. ತಿರುಗಿ ನೋಡಲಿ ಎಂದು ಕಾದೆ. ನೋಡಲಿಲ್ಲ.

ಅಂಗಿಯ ಕೊರಳಪಟ್ಟಿಗೆ ಮೂಗು ತಾಗಿತು. ಸಾಬೂನು. ಅದರ ಅಡಿಯಲ್ಲಿ ಯಂತ್ರದ ಎಣ್ಣೆ, ಎಷ್ಟು ತೊಳೆದರೂ ಹೋಗದ್ದು. ಅದರ ಅಡಿಯಲ್ಲಿ ಸಣ್ಣಗೆ ಹುಳಿ ಬೆವರು. ಅವನು ದಿನಕ್ಕೆ ಎರಡು ಸಲ ತಿಕ್ಕಿ ತೊಳೆಯುತ್ತಿದ್ದದ್ದು ಯಾವುದನ್ನು ಎಂದು ಆಗ ಹೊಳೆಯಿತು. ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದ್ದಕ್ಕೆ ನಾನು ಏಳಲಿಲ್ಲ, ಅದನ್ನು ಇಲ್ಲಿ ನಿಜವಾಗಿ ಹೇಳಬೇಕು. ಎದ್ದದ್ದು ಬೇರೆ ಕಾರಣಕ್ಕೆ.

ಹದಿನೇಳನೆಯ ವಯಸ್ಸಿಗೆ ಅಪ್ಪ, ದೊಡ್ಡಪ್ಪ ಮಾತಾಡಿ ನನ್ನ ಮದುವೆ ಮಾಡಿದರು. ಎರಡು ಸಲ ಅವನು ಬಿಟ್ಟೆ ಅಂದ, ಎರಡು ಸಲ ಬಾ ಅಂದ. ಬಹ್ರೇನಿಗೆ ಹೋಗುತ್ತೇನೆ ಅಂದ, ಬಂದೆ ಅಂದ. ಈಗ ಬೋರೆ ಮರದ ಕೆಳಗಿನ ನಗುವೊಂದು ನನ್ನನ್ನು ಕಾಡುಮೇಕೆಯ ಕೊಂಬಿಗೆ ಕಟ್ಟಿತ್ತು. ಬಂಡೆಯ ಹಿಂದೆ ಕೂತೇ ಇದ್ದರೂ ಅದು ನನ್ನ ಮಾತಾಗುವುದಿಲ್ಲ. ಸುವೈಲಿಮ್‌ಗೆ ಬೇಟೆ ಸಿಗಲಿಲ್ಲ, ಅವಳ ಹಣೆಬರಹ ಅನ್ನುತ್ತಾರೆ. ಹುಮೈದ್ ಅದಕ್ಕೊಂದು ಹಾಸ್ಯ ಕಟ್ಟುತ್ತಾನೆ. ನಾನು ಹೋಗುವುದಾದರೆ ನಾನು ಹೋದೆ ಎಂದು ಎಲ್ಲರಿಗೂ ತಿಳಿಯಬೇಕು. ಇರುವುದಾದರೂ ಅಷ್ಟೇ.

ಎದ್ದು ಬಂಡೆಯ ಮುಂದಕ್ಕೆ ಬಂದು, ಎರಡೂ ತೋಳು ಚಾಚಿ ನಿಂತೆ. ಇಳಿಗಾಳಿ ಬೆನ್ನಿನಿಂದ ಬಂದು ಅಂಗಿಯ ಒಳಗೆಲ್ಲ ಹರಿದು, ಅದರಲ್ಲಿದ್ದ ಅವನ ಏಳು ವರ್ಷಗಳನ್ನು ಎತ್ತಿಕೊಂಡು ಕಣಿವೆಗೆ ಇಳಿಯಿತು. ಅದು ಹೋಗುವುದನ್ನು ನಾನು ನೋಡಿದೆ ಅಂದರೆ ನಂಬಲಿಕ್ಕಿಲ್ಲ. ಮುಳ್ಳುಗಿಡ ಮುಟ್ಟಿತು, ಕಲ್ಲಂಚು ದಾಟಿತು, ಒರತೆಯ ಪಾಚಿಯ ಮೇಲೆ ಬಾಗಿತು. ಬೂದು ಬಣ್ಣದ ಕಲ್ಲುಗಳಲ್ಲಿ ಐದು ಕಲ್ಲು ತಲೆಯೆತ್ತಿದವು. ಒಂದು ಕಾಲು ನೆಲಕ್ಕೆ ಒದೆಯಿತು. ಆಮೇಲೆ ಅವು ಅಡ್ಡಹಾದಿಯಲ್ಲಿ ಸಾಲಾಗಿ, ಅವಸರವಿಲ್ಲದೆ, ತಿರುವಿನ ಕಡೆಗೆ ನಡೆದವು.

ಬಿಳಿ ಬಂಡೆಯ ನೆತ್ತಿಗೆ ಬಿಸಿಲು ತಾಗಿತು. ಗಾಳಿ ಸೋತು ನಿಂತಿತು. ಆ ನಿಶ್ಶಬ್ದದಲ್ಲಿ ಬಂದೂಕಿನ ಸದ್ದು ಬಂತು, ಒಂದೇ ಒಂದು.

ನಾನು ಇಳಿದು ಹೋಗುವಷ್ಟರಲ್ಲಿ ಅವನು ಮುದಿ ಹೋತವೊಂದರ ಕುತ್ತಿಗೆಗೆ ದೇವರ ಹೆಸರು ಹೇಳಿ ಕತ್ತಿ ಹಾಕಿಯಾಗಿತ್ತು. ಮುಖದ ತುಂಬ ನಗು, ಕಣ್ಣಲ್ಲಿ ನೀರು. ಇಷ್ಟು ತಡವಾಗಿ ಬಂದವಲ್ಲ, ಇನ್ನು ಬರುವುದಿಲ್ಲ ಅಂದುಕೊಂಡೆ ಅಂದ.

"ತಡ ಮಾಡಿದ್ದು ಅವಲ್ಲ, ನಾನು," ಅಂದೆ. "ಬಂಡೆ ಹಿಂದೆ ಕೂತಿದ್ದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕತ್ತಿ ಒರೆಸುತ್ತಿದ್ದ ಕೈ ನಿಂತಿತು. ಕಂಬಳಿ ಹೆಗಲಿಂದ ಜಾರಿತು.

"ಯಾಕೆ ಎದ್ದೆ ಮತ್ತೆ?"

"ಹೋಗೋದಾದ್ರೆ ನಿಂಗೆ ಹೇಳೇ ಹೋಗ್ತೀನಿ, ಅದಕ್ಕೆ. ನನ್ನ ಮೇಕೆ ಕರ್ಕೊಂಡು, ಹಗಲು ಹೊತ್ತಲ್ಲಿ, ಎಲ್ಲರ ಮುಂದೆ."

ಅವನು ಹೋತವನ್ನು ಹೆಗಲಿಗೇರಿಸಿಕೊಂಡು ಮುಂದೆ ನಡೆದ. ಏರುಗಾಳಿ ಶುರುವಾಗಿ ನಮ್ಮ ಮುಖಕ್ಕೆ ಬೀಸುತ್ತಿತ್ತು.

ನಮಾಜಿಗೆ ಮುಂಚೆ ಹೋತ ಬೋರೆ ಮರದ ಕೆಳಗಿತ್ತು. ಗಂಡಸರು ಸುತ್ತ ನಿಂತು ಕೊಂಬು ಅಳೆದರು, ಹುಮೈದ್ ಕೂಡ ಅವನ ಬೆನ್ನು ತಟ್ಟಿದ. ಮಾಂಸ ಮನೆಮನೆಗೆ ಹಂಚಿಕೆಯಾಯಿತು. ದೊಡ್ಡಮ್ಮ ನನ್ನ ಕೆನ್ನೆ ಹಿಡಿದು ಅತ್ತಳು. ಆಣೆ ತೀರಿತು ಎಂದು ಎಲ್ಲರೂ ನಿರಾಳವಾದರು.

ಮಧ್ಯಾಹ್ನ ಇಳಿದ ಮೇಲೆ ನಾನು ಮಂದೆ ಹೊಡೆದುಕೊಂಡು ಊರ ಮೇಲಿನ ಇಳಿಜಾರಿಗೆ ಹೋದೆ. ಸ್ವಲ್ಪ ಹೊತ್ತಿಗೆ ಅವನು ಹಿಂದೆಯೇ ಬಂದ. ಮರಳಿ ಬಂದ ನಾಲ್ಕು ತಿಂಗಳಲ್ಲಿ ಅವನು ಇಲ್ಲಿಯವರೆಗೆ ಬಂದದ್ದು ಅದೇ ಮೊದಲು. ನನ್ನಿಂದ ಒಂದು ಮಾರು ದೂರ ಕೂತು ಕಲ್ಲು ಆಯ್ದು ಆಯ್ದು ಪಕ್ಕಕ್ಕಿಟ್ಟ. ಬಹ್ರೇನಿನಲ್ಲಿ ಮಲಗುವ ಕೋಣೆಯಲ್ಲಿ ನಲವತ್ತು ಜನ, ಒಂದೇ ಕಿಟಕಿ, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಏಳು ವರ್ಷ ಗೊತ್ತೇ ಆಗಲಿಲ್ಲ ಅಂದ. ನಾನು ಕೇಳಿಸಿಕೊಂಡೆ. ಆಮೇಲೆ ಹೇಳಿದ.

"ಇನ್ಮೇಲೆ ನಿನ್ನ ಮೇಲೆ ಆಣೆ ಇಡಲ್ಲ."

"ನನ್ನ ಹತ್ರ ಯಾಕೆ ಹೇಳ್ತೀಯಾ? ಆಣೆ ಇಟ್ಟಿದ್ದು ಅಲ್ಲಿ."

ಅವನು ಕೆಳಗೆ ನೋಡಿದ. ಬೋರೆ ಮರದ ನೆರಳಿನಲ್ಲಿ ಗಂಡಸರು ಕಾಫಿಗೆ ಕೂತಿದ್ದರು. "ನಗ್ತಾರೆ," ಅಂದ.

"ನಗ್ತಾರೆ," ಅಂದೆ ನಾನೂ.

ಅವನು ಕೂತೇ ಇದ್ದ. ಮೇಕೆಗಳು ಒಂದು ಪೊದೆಯಿಂದ ಇನ್ನೊಂದಕ್ಕೆ ಹೋದವು. ಆಮೇಲೆ ಎದ್ದು ಬಟ್ಟೆ ಕೊಡವಿಕೊಂಡು ಇಳಿಯತೊಡಗಿದ. ಹರಿದ ಅಂಗಾಲು ಊರಲಾರದೆ ಕುಂಟುತ್ತಿದ್ದ. ಅರ್ಧ ದಾರಿಯಲ್ಲಿ ನಿಂತ. ಮರಳಿ ಬರುತ್ತಾನೆ ಅಂದುಕೊಂಡೆ. ಬರಲಿಲ್ಲ. ನೆರಳಿನ ಅಂಚು ಮುಟ್ಟಿದ, ಆದರೆ ಕೂರಲಿಲ್ಲ. ಅಷ್ಟು ದೂರದಿಂದ ಮಾತು ಕೇಳುವಂತಿರಲಿಲ್ಲ. ಅವನ ಕೈ ಒಂದು ಸಲ ಬೆಟ್ಟದ ನೆತ್ತಿಯತ್ತ ಚಾಚಿತು, ಒಂದು ಸಲ ತನ್ನ ಎದೆ ಮುಟ್ಟಿತು. ಯಾರೋ ನಕ್ಕ ಹಾಗಾಯಿತು, ನಿಂತಿತು.

ಒಬ್ಬೊಬ್ಬರಾಗಿ ಗಂಡಸರು ತಲೆಯೆತ್ತಿ ಇಳಿಜಾರಿನ ಕಡೆಗೆ ನೋಡತೊಡಗಿದರು. ನಾನು ಎದ್ದು ನಿಂತೆ, ಅವರಿಗೆ ಕಾಣಲಿ ಎಂದು.