ಹೆಸರಿಲ್ಲದ ಗೋಧಿ

ತೆಂಕಣ ಗಾಳಿ, ರಾತ್ರಿಯಿಂದ ಬಿಟ್ಟಿಲ್ಲ, ಬೆಚ್ಚಗೆ, ಒದ್ದೆಯಾಗಿ, ಯಾರೋ ಕಿವಿಯ ಹತ್ತಿರ ಬಾಯಿಟ್ಟು ಉಸಿರು ಬಿಟ್ಟ ಹಾಗೆ, ಆಕಾಶ ತಾಮ್ರದ ಹಂಡೆಯ ತಳದಂತೆ ಕೆಂಪಗೆ, ಸೂರ್ಯ ಎಲ್ಲೋ ಇದ್ದಾನೆ, ಇದ್ದೂ ಇಲ್ಲದವನು — ಸೆವಸ್ತಿ ಕಿಟಕಿಯ ಕಟ್ಟೆಯ ಮೇಲೆ ಬೆರಳೆಳೆದು ನೋಡಿದಳು, ಧೂಳು, ಮೈದಾಹಿಟ್ಟಿನಷ್ಟು ನಯ, ಇಟ್ಟಿಗೆಯ ಬಣ್ಣ, ಸಮುದ್ರ ದಾಟಿ ಆಫ್ರಿಕದಿಂದ ಬಂದದ್ದು, ವಸಂತದಲ್ಲಿ ಒಂದೆರಡು ಸಲ ಬರುತ್ತದೆ, ಬಂದಾಗೆಲ್ಲ ಊರಿನ ಹೆಂಗಸರು ಬೈದುಕೊಂಡು ಅಂಗಳ ತೊಳೆಯುತ್ತಾರೆ, ಅಮ್ಮ ಮಾತ್ರ ತೊಳೆಯಗೊಡುತ್ತಿರಲಿಲ್ಲ, ಇರಲಿ ಬಿಡೇ, ನಿನ್ನಣ್ಣ ಕಳಿಸಿದ್ದು, ಎರಡು ದಿನ ಮನೇಲಿರಲಿ. ಬಾಗಿಲು ಬಡಿದುಕೊಳ್ಳುತ್ತಿದೆ, ಕಲ್ಲು ಜರುಗಿರಬೇಕು. ನಲವತ್ತಾರು ವರ್ಷದಿಂದ ಈ ಬಾಗಿಲಿಗೆ ಕಲ್ಲೇ ಕಾವಲು, ಬೀಗವಿದೆ, ಬೀಗದಕೈ ಅಣ್ಣ ಸ್ಕೆವೊಸನ ಹತ್ತಿರ, ಮನೆಯ ಗಂಡಸು ನಾನು ತಾನೇ, ಬಂದು ನಾನೇ ಹಾಕ್ತೀನಿ ನಾನೇ ತೆಗೀತೀನಿ ಅಂತ ನಗುತ್ತಾ ಕಪ್ಪು ದಾರಕ್ಕೆ ಪೋಣಿಸಿ ಕುತ್ತಿಗೆಗೆ ಹಾಕಿಕೊಂಡು ಕಡಲ ತಳದಿಂದ ಸ್ಪಂಜು ಕೀಳುವವರ ದೋಣಿ ಹತ್ತಿದ, ಇಪ್ಪತ್ತಮೂರು ವರ್ಷ ಅವನಿಗೆ, ಅವಳಿಗೆ ಹತ್ತೊಂಬತ್ತು, ಹೊಸ ಬೀಗ ಹಾಕಿಸೋಣವೇನಮ್ಮ ಅಂದದ್ದಕ್ಕೆ ಅಮ್ಮ ನೋಡಿದ ನೋಟ — ಬೇಡ, ಈಗ ಅದು ಬೇಡ, ಈಗ ಗೋಧಿ. ಗೋಧಿ ಒಳಗಿದೆ, ಸ್ಕೆವೊಸನ ಮಂಚದ ಮೇಲೆ, ಬಿಳಿ ದುಪ್ಪಟಿಯ ಮೇಲೆ, ಬೇಯಿಸಿ ಬಸಿದು ರಾತ್ರಿಯೆಲ್ಲ ಆರಲು ಹರಡಿದ್ದು. ಬೇರೆಯವರ ಮನೆಯ ಸತ್ತವರಿಗೆ ಬೇಯಿಸಿದ ಗೋಧಿಯನ್ನೆಲ್ಲ ಅಡುಗೆಮನೆಯ ಮೇಜಿನ ಮೇಲೇ ಹರಡಿದವಳು, ಈ ಸಲ ಹಡಗಿನ ನಲವತ್ತು ಜನಕ್ಕೆ, ಮೇಜು ಸಾಲಲಿಲ್ಲ, ಅಷ್ಟೇ, ಬೇರೆ ಕಾರಣ ಏನೂ ಇಲ್ಲ. ಆದರೂ ಬೆಳಕು ಹರಿಯುವಾಗ ಬಾಗಿಲಲ್ಲಿ ನಿಂತು ನೋಡಿದಾಗ ಆ ಮಂಚದ ಮೇಲೆ ಯಾರೋ ಹೊದ್ದು ಮಲಗಿದ ಹಾಗೆ ಕಂಡಿತಲ್ಲ, ಅದಕ್ಕೇನನ್ನಬೇಕು, ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡಳು.

ಹೂಂ ಅಂದದ್ದು ಬಾಯಿ, ತಾನಲ್ಲ. ಹದಿನೈದು ದಿನದ ಹಿಂದೆ ಕಲೋತಿನಾ ಬಂದು ಕೂತಳು, ಸತ್ತ ತಂಗಿಯ ಮಗಳು, ಹಡಗಿನವರಿಗೆ ಊರು ತೋರಿಸುವ ಕೆಲಸದವಳು, ಕಾಲಿಗೆ ಚಕ್ರ ನಾಲಿಗೆಗೆ ಎಣ್ಣೆ. ದೊಡ್ಡಮ್ಮ, ಇದು ಬರೀ ನೋಡೋಕೆ ಬರೋ ಹಡಗಲ್ಲ, ಹಳೇ ಕಾಲದ ಊಟ ಹುಡುಕ್ಕೊಂಡು ದ್ವೀಪ ದ್ವೀಪ ಸುತ್ತೋ ಹಡಗು, ಜೊತೆಗೊಬ್ಬರು ಮೇಷ್ಟ್ರು, ಸಿಸಿಲಿಯಲ್ಲಿ ಉಪ್ಪಿನ ಮೀನು ಕೊಟ್ರಂತೆ, ಕ್ರೀಟಿನಲ್ಲಿ ಬಸವನಹುಳು ಕೊಟ್ರಂತೆ, ನಮ್ಮ ಈ ಕಾಲಿಮ್ನೋಸ್ ದ್ವೀಪದಲ್ಲಿ ಏನು ಕೊಡೋಣ, ಸ್ಪಂಜು ಕೊಟ್ರೆ ತಿನ್ನೋಕಾಗುತ್ತಾ. ಮೀನಿನ ಸಾರು ಮಾಡ್ತೀನಿ ಕಣೇ, ದ್ರಾಕ್ಷಿ ಎಲೆಯ ಸುರುಳಿ ಮಾಡ್ತೀನಿ. ಅದನ್ನ ಎಲ್ಲಾ ಕಡೆ ತಿಂದಿದಾರೆ ದೊಡ್ಡಮ್ಮ, ಮೇಷ್ಟ್ರು ಕೇಳಿದ್ದು ಆ ಗೋಧಿ, ಸತ್ತವರ ಗೋಧಿ, ಕ್ರಿಸ್ತ ಹುಟ್ಟೋಕೆ ಮುಂಚೆಯಿಂದ ಇಲ್ಲಿ ಬೇಯ್ತಾ ಇದೆಯಂತೆ, ನಿನ್ನ ಬಿಟ್ರೆ ಯಾರ ಕೈಗೂ ಆ ಹದ ಇಲ್ಲ. ಅದೊಂದು ನಿಜ, ಊರಿನ ಸತ್ತವರೆಲ್ಲ ಸೆವಸ್ತಿಯ ಕೈಯಡುಗೆ ಉಂಡವರೇ, ಮೂರನೆಯ ದಿನ, ಒಂಬತ್ತನೆಯ ದಿನ, ನಲವತ್ತನೆಯ ದಿನ, ವರ್ಷದ ದಿನ, ಗಂಟೆ ಬಡಿದರೆ ಜನ ಪಾದ್ರಿಗೆ ಹೇಳುವ ಮೊದಲು ಅವಳಿಗೆ ಹೇಳುತ್ತಾರೆ, ಅಪ್ಪನಿಗೆ ಮಾಡಿದ್ದಾಳೆ, ಅಮ್ಮನಿಗೆ ಮಾಡಿದ್ದಾಳೆ, ತಂಗಿಗೆ ಅಳುತ್ತಾ ಮಾಡಿದ್ದಾಳೆ. ಒಬ್ಬನಿಗೆ ಮಾತ್ರ ಇಲ್ಲ. ಯಾರ ಹೆಸರಿಗೆ ಬೇಯಿಸಲೇ ಅಂದರೆ ಕಲೋತಿನಾ ನಕ್ಕಳು, ಯಾರ ಹೆಸರಿಗೂ ಬೇಡ, ಬರೀ ರುಚಿಗೆ, ಗೋಧಿ ಮೇಲೆ ಹೆಸರು ಬರೀಲೇಬೇಕು ಅಂದ್ರೆ ಹಡಗಿನ ಹೆಸರೇ ಬರೆದುಬಿಡು. ಹಡಗಿನ ಹೆಸರು ಬರೆದ್ರೆ ಹಡಗೇ ಮುಳುಗುತ್ತೆ ಕಣೇ ಪೆದ್ದಿ, ಆಮೇಲೆ ನಿನ್ನ ಕೆಲಸ ಯಾವ ನೀರಲ್ಲಿ ಹುಡುಕ್ತೀಯ.

ಸಕ್ಕರೆ ಜರಡಿ ಎಲ್ಲಿ, ಇಲ್ಲೇ ಕಣ್ಣ ಮುಂದೆ. ಹುರಿದ ಎಳ್ಳು, ಕುಟ್ಟಿದ ಬಾದಾಮಿ, ಒಣದ್ರಾಕ್ಷಿ, ದಾಳಿಂಬೆಯ ಕಾಳು, ಚಕ್ಕೆಯ ಪುಡಿ, ಕೈ ಬೆರೆಸುತ್ತಿದೆ, ಕೈಗೆ ಎಲ್ಲ ಗೊತ್ತು, ಕೈ ಬೆರೆಸುವಾಗ ಬಾಯಿ ಹೆಸರು ಹೇಳಬೇಕು, ಪ್ರತಿ ಹಿಡಿಗೂ ಒಂದು ಸಲ, ಹಾಗೆ ಕಲಿತದ್ದು, ಇವತ್ತು ಬಾಯಿ ಮುಚ್ಚಿದೆ, ಕೈ ತಬ್ಬಲಿಯ ಹಾಗೆ ತಾನೇ ಸುತ್ತುತ್ತಿದೆ. ಪಾದ್ರಿ ಯೆರಾಸಿಮೊಸರಿಗೆ ಹೇಳದೆ ಮಾಡಬಾರದೆಂದು ಹೋಗಿ ಹೇಳಿದ್ದಳು, ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಗಡ್ಡ ನೀವಿಕೊಂಡು, ಹಸಿದವರಿಗೆ ಕೊಡೋದು ಪಾಪ ಅಲ್ಲ ಸೆವಸ್ತಿಯಮ್ಮ, ಆದ್ರೆ ಆ ಗೋಧಿ ಖಾಲಿ ಇರೋದಿಲ್ಲ, ನೀವು ಹೆಸರು ಕೊಡದಿದ್ರೆ ಅದೇ ಒಂದು ಹೆಸರು ಹಿಡ್ಕೊಳ್ಳುತ್ತೆ ಅಂತ ನಮ್ಮಜ್ಜಿ ಹೇಳ್ತಿದ್ರು. ಯಾರ ಹೆಸರು ಹಿಡಿದೀತು, ಕಲೋತಿನಾಳದ್ದೇ, ಅವಳ ಹೊಟ್ಟೆಯಲ್ಲಿ ನಾಲ್ಕು ತಿಂಗಳು, ಅಯ್ಯೋ ಕನ್ಯಾಮರಿಯಮ್ಮ ಅಂಥ ಯೋಚನೆಯೂ ಬೇಡ — ಇಲ್ಲ ಅವನದ್ದೇ. ಅವನದ್ದು ಹಿಡಿದರೆ. ಪ್ರತಿ ಶನಿವಾರ ರಾತ್ರಿ ಎರಡು ಚೀಟಿ ಬರೆಯುತ್ತಾಳೆ, ಮೇಲೊಂದು ಶಿಲುಬೆ, ಒಂದು ಬದುಕಿರುವವರ ಆರೋಗ್ಯಕ್ಕೆ, ಒಂದು ಸತ್ತವರ ಶಾಂತಿಗೆ, ಭಾನುವಾರ ರೊಟ್ಟಿಯ ಜೊತೆ ಇಗರ್ಜಿಗೆ ಕೊಡುತ್ತಾಳೆ, ಬದುಕಿರುವವರ ಚೀಟಿಯಲ್ಲಿ ಮೊದಲ ಹೆಸರು ಸ್ಕೆವೊಸ್, ನಲವತ್ತಾರು ವರ್ಷದ ಭಾನುವಾರಗಳೆಲ್ಲ ಸ್ಕೆವೊಸ್. ಹಳೆಯ ಪಾದ್ರಿಗೆ ಎಲ್ಲ ಗೊತ್ತಿತ್ತು, ತಡವರಿಸದೆ ಓದುತ್ತಿದ್ದರು, ಯೆರಾಸಿಮೊಸರು ಹೊಸಬರು, ಬಂದ ತಿಂಗಳಲ್ಲೇ ಕೇಳಿದರು, ಈ ಸ್ಕೆವೊಸ್ ಅನ್ನೋರು ಯಾರು, ಪೂಜೆಗೆ ಒಂದು ದಿನವೂ ಮುಖ ತೋರಿಸಲಿಲ್ಲವಲ್ಲ. ಸಮುದ್ರಕ್ಕೆ ಹೋಗಿದಾನೆ ಸ್ವಾಮಿ. ಸುಳ್ಳೇನಲ್ಲವಲ್ಲ. ಅಮ್ಮ ಸಾಯುವಾಗ ಸೆವಸ್ತಿಯ ಮಣಿಕಟ್ಟು ಹಿಡಿದದ್ದು, ಪ್ರಾಣ ಹೋಗುವವಳಿಗೆ ಎಲ್ಲಿಂದ ಬಂತೋ ಆ ಬಲ, ಅವನ ಹೆಸರು ಆ ಚೀಟಿಯಿಂದ ಈ ಚೀಟಿಗೆ ದಾಟಿಸಬೇಡ, ದಾಟಿಸಿದ್ರೆ ಅವನನ್ನ ಕೊಂದವಳು ಸಮುದ್ರ ಅಲ್ಲ, ನೀನು.

ಗೋಧಿಯನ್ನು ದೊಡ್ಡ ಹರಿವಾಣಕ್ಕೆ ಸುರಿದು ಗುಡ್ಡೆ ಮಾಡಿ ಅಂಗೈಯಿಂದ ಒತ್ತಿದಳು, ಮೇಲೆ ಹುರಿದ ಕಡಲೆಹಿಟ್ಟು, ಅದರ ಮೇಲೆ ಸಕ್ಕರೆ ಪುಡಿ ಜರಡಿ ಹಿಡಿದಳು, ಹಿಮದ ಹಾಗೆ ಬಿತ್ತು, ಮೇಣದ ಕಾಗದದಿಂದ ಸವರಿದಳು, ಈಗ ಬೆಳ್ಳಿ ಬಣ್ಣದ ಸಕ್ಕರೆ ಗುಂಡುಗಳು, ನಡುವೆ ಶಿಲುಬೆ, ಅಂಚಿಗೆ ಬಾದಾಮಿ, ಶಿಲುಬೆಯ ಕೆಳಗೆ ಹೆಸರಿನ ಜಾಗ — ಖಾಲಿ, ಅಂಗೈಯಗಲ ಖಾಲಿ. ಮುಷ್ಟಿ. ಮತ್ತೆ ಆ ಮುಷ್ಟಿ. ಸ್ಕೆವೊಸ್ ಹೋದ ವರ್ಷದ ಶರತ್ಕಾಲ, ದೋಣಿಗಳು ಆಫ್ರಿಕದ ದಂಡೆಯಿಂದ ಮರಳಿದ ದಿನ, ಗಂಟೆ ಬಡಿಯುತ್ತಿತ್ತು, ಬಾಗಿಲಲ್ಲಿ ಪೊಥಿತೊಸ್ ನಿಂತಿದ್ದ, ಸ್ಕೆವೊಸ್ ನೀರಿಗಿಳಿದಾಗ ಮೇಲೆ ಹಗ್ಗ ಹಿಡಿದಿರುತ್ತಿದ್ದವನು, ಬಿಸಿಲಿಗೆ ಕಪ್ಪಾಗಿ, ಗಡ್ಡದಲ್ಲಿ ಉಪ್ಪು, ಬಲಗೈ ಮುಷ್ಟಿ ಕಟ್ಟಿ ಮುಂದೆ ಚಾಚಿ ಬಾಯಿ ತೆರೆದ, ಅಮ್ಮ ಎರಡೂ ಕೈ ಚೌಕಟ್ಟಿಗೆ ಅಡ್ಡ ಕೊಟ್ಟು ನಿಂತಳು. ಅವನನ್ನ ಕರ್ಕೊಂಡು ಬಂದಿದ್ರೆ ಒಳಗೆ ಬಾ. ಕೈಯಲ್ಲಿ ಏನಾದ್ರೂ ತಂದಿದ್ರೆ, ಹಾಗೇ ವಾಪಸ್ ತಗೊಂಡು ಹೋಗು. ಅವ್ವ, ಒಂದು ಮಾತು ಕೇಳು. ಕೇಳೋದಿಲ್ಲ, ನನ್ನ ಕಣ್ಣು ನೋಡಿಲ್ಲ, ನಿನ್ನ ಬಾಯಿ ಹೇಳಿದ್ದು ನನ್ನ ಕಿವಿಗೆ ಬೇಡ. ಅವನು ಮುಷ್ಟಿ ಕಟ್ಟಿಕೊಂಡೇ ಇಳಿದು ಹೋದ, ಸೆವಸ್ತಿ ಹಿಂದಿನಿಂದ ನೋಡಿದಳು, ಬೆರಳ ಗೆಣ್ಣು ಬೆಳ್ಳಗೆ. ಏನಿತ್ತು ಅದರಲ್ಲಿ, ಕೂದಲೇ, ಶಿಲುಬೆಯೇ, ಬರೀ ಗಾಳಿಯೇ, ನಲವತ್ತಾರು ವರ್ಷ ಕೇಳಲಿಲ್ಲ, ಊರು ಬೇರೆ ಗುಸುಗುಸು, ಮೇಲಕ್ಕೆಳೆಯಿರಿ ಅಂತ ಹಗ್ಗ ಮೂರು ಸಲ ಜಗ್ಗಿತಂತೆ, ಇವನು ತಂಬಾಕು ಸುರುಳಿ ಸುತ್ತುತ್ತಿದ್ದನಂತೆ, ಅಂತೆಗೆ ಕೈಯೂ ಇಲ್ಲ ಕಾಲೂ ಇಲ್ಲ, ಆದರೂ ಎಲ್ಲ ಮನೆ ಹೊಕ್ಕು ಬರುತ್ತದೆ. ಅವನು ಬಂದರೆ ಅವಳು ಬೀದಿಯ ಆ ಬದಿಗೆ. ಕಾಫಿ ಅಂಗಡಿಯ ಮುಂದೆ ಕೂತಿರುತ್ತಾನೆ, ಬಲಗೈ ಸದಾ ಕೋಟಿನ ಜೇಬಿನಲ್ಲಿ, ಪೊಥಿತೊಸ್ ಮಾವನ ಜೇಬಲ್ಲಿ ಏಡಿ ಇದೆ ಅಂತ ಮಕ್ಕಳು ನಗುತ್ತವೆ — ಬಾಗಿಲು ಧಡ್ಡನೆ ಹಾರಿ ಹೊಡೆಯಿತು, ಕಲ್ಲು ಉರುಳಿತು, ಗಾಳಿ ಒಳಗೆ ನುಗ್ಗಿತು, ಅವಳು ಸೆರಗಿನಂತೆ ಏಪ್ರನ್ ಚಾಚಿ ಹರಿವಾಣದ ಮೇಲೆ ಬಗ್ಗುವಷ್ಟರಲ್ಲಿ ತಡವಾಗಿತ್ತು. ಬಿಳಿಯ ಮೇಲೆ ಕೆಂಪು. ಸಕ್ಕರೆಯ ಮೇಲೆ, ಆ ಖಾಲಿ ಜಾಗದ ಮೇಲೆಯೇ ದಟ್ಟವಾಗಿ, ಇಟ್ಟಿಗೆಯ ಬಣ್ಣದ ಧೂಳು. ಕೆರೆದು ತೆಗೆಯಬೇಕು, ಬೇರೆ ಸಕ್ಕರೆ ಹಾಕಬೇಕು, ಡಬ್ಬದಲ್ಲಿ ಇದೆ, ಕೈ ಚಾಚಲಿಲ್ಲ. ಇರಲಿ ಬಿಡೇ, ಎರಡು ದಿನ ಮನೇಲಿರಲಿ.

ಹಡಗು ಬಂದೇ ಬಂತು, ದೂರದಲ್ಲಿ ಲಂಗರು ಹಾಕಿ ಜನರನ್ನು ಚಿಕ್ಕ ದೋಣಿಗಳಲ್ಲಿ ಕಳಿಸಿತು, ಇಳಿದವರೆಲ್ಲ ಟೋಪಿ ಹಿಡಿದುಕೊಂಡೇ ನಗುತ್ತಿದ್ದರು, ಬಂದರಿನ ಧಕ್ಕೆಯ ಮೇಲೆ ಮೇಜು, ಮೇಜಿನ ಮೇಲೆ ಹರಿವಾಣ, ನಡುವೆ ನೆಟ್ಟ ಮೇಣದಬತ್ತಿ ಗಾಳಿಗೆ ಎರಡು ಸಲ ಆರಿತು, ಮೇಷ್ಟ್ರು ಏನೋ ದೀರ್ಘವಾಗಿ ಹೇಳಿದರು, ಭೂಮಿತಾಯಿ, ಕಾಳು, ಸಾಯದೆ ಮೊಳೆಯದು ಅಂತೆಲ್ಲ ಇರಬೇಕು. ದೊಡ್ಡಮ್ಮ, ಮೇಲೇನಿದು ಕೆಂಪಗೆ, ಚಕ್ಕೆಪುಡಿಯಾ. ಹೂಂ ಅಂತಿಟ್ಕೋ. ಚಮಚದಿಂದ ಶಿಲುಬೆ ಮುರಿದಳು, ಹೆಸರಿನ ಜಾಗ ಮುಟ್ಟದೆ ಸುತ್ತಲಿಂದ ತೆಗೆದಳು, ಬಟ್ಟಲು, ಇನ್ನೊಂದು ಬಟ್ಟಲು, ತಿಂದರು, ಚೆನ್ನಾಗಿದೆ ಎಂದು ತಲೆಯಾಡಿಸಿದರು, ತಿನ್ನಲಿ, ಬೇಗ ತಿಂದು ಹೋಗಲಿ, ಹೆಸರಿಲ್ಲದ್ದು ಹೆಸರಿಲ್ಲದೆಯೇ ಕರಗಲಿ, ಕಲೋತಿನಾ ಒಂದು ಬಟ್ಟಲು ತಗೊಳ್ಳಹೋದಳು, ಬೇಡ ನೀನು ತಿನ್ನಬೇಡ ಅಂತ ಕೈಗೆ ಪಟ್ಟನೆ ಹೊಡೆದದ್ದು ಸೆವಸ್ತಿಗೇ ಆಮೇಲೆ ತಿಳಿಯಿತು. ಯಾಕೆ ದೊಡ್ಡಮ್ಮ. ಕೋಲೂರಿದ ಒಬ್ಬ ಮುದುಕಿ, ಬಿಳಿಕೂದಲು ಗಾಳಿಗೆ ಎದ್ದು ನಿಂತಿದೆ, ಬಟ್ಟಲು ಎದೆಗೊತ್ತಿ ಹಿಡಿದಿದ್ದಾಳೆ, ತಿಂದಿಲ್ಲ, ಸೆವಸ್ತಿಯ ಕಣ್ಣನ್ನೇ ನೋಡಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು, ಮೆಲ್ಲಗೆ, ಮನೆಗೆ ಬಂದವರು ಕೇಳುವ ಹಾಗೆ. ಏನಂತೆ. ಇದು ಯಾರಿಗೋಸ್ಕರ ಮಾಡಿದ್ದು ಅಂತ ಕೇಳ್ತಿದಾರೆ, ಅವರ ಹೆಸರು ಹೇಳಿದ್ರೆ ನೆನೆಸ್ಕೊಂಡು ತಿಂತಾರಂತೆ. ಯಾರಿಗೂ ಇಲ್ಲ ಅಂತ ಹೇಳ್ಲಾ ದೊಡ್ಡಮ್ಮ. ಗಾಳಿ. ಹಾಗೇ ಹೇಳೇ ಅನ್ನಬೇಕು, ಅಮ್ಮನ ಬೆರಳು ಮಣಿಕಟ್ಟಿನ ಮೇಲೆ ಬಿಗಿಯುತ್ತಿದೆ, ಕೊಂದವಳು ನೀನು, ಕಲೋತಿನಾಳ ಹೊಟ್ಟೆ ಮೇಜಿನಂಚಿಗೆ ತಾಗಿದೆ, ಖಾಲಿ ಇರೋದಿಲ್ಲ ಅದು, ತಾನೇ ಹಿಡ್ಕೊಳ್ಳುತ್ತೆ, ಮತ್ತು ಬಾಯಿ, ಅವತ್ತು ಹೂಂ ಅಂದದ್ದೇ ಬಾಯಿ, ಸ್ಕೆವೊಸ್ ಅಂದಿತು. ನನ್ನಣ್ಣ. ಆಫ್ರಿಕದ ದಂಡೆಯಲ್ಲಿ ಹೋದ. ಕಲೋತಿನಾ ಬೆಳ್ಳಗಾದಳು, ಸಮುದ್ರಕ್ಕೆ ಹೋಗಿರುವ ಮಾವನ ಕಥೆ ಕೇಳಿ ಬೆಳೆದವಳು, ಒಂದೊಂದೇ ಮಾತು ಆರಿಸಿ ಅವರಿಗೆ ದಾಟಿಸಿದಳು, ಸತ್ತವರಿಗೆ ನಾವು ಇಲ್ಲಿ ಏನನ್ನುತ್ತೇವೆಂದೂ ಕಲಿಸಿದಳು, ನಲವತ್ತು ಪರದೇಶಿ ನಾಲಿಗೆಗಳು ತೊದಲುತ್ತಾ, ಟೋಪಿ ತೆಗೆದು, ದೇವರು ಅವನನ್ನು ಕ್ಷಮಿಸಲಿ. ಬಾನು ಬೀಳಲಿಲ್ಲ. ಸಮುದ್ರ ಇದ್ದ ಹಾಗೇ ಇತ್ತು. ಮಣಿಕಟ್ಟು ಹಗುರ, ಎಷ್ಟು ಹಗುರವೆಂದರೆ ಕೈ ಎಲ್ಲಿದೆಯೆಂದೇ ತಿಳಿಯದಷ್ಟು.

ಕಾಫಿ ಅಂಗಡಿಯ ಮುಂದೆ ಕುರ್ಚಿಯೊಂದು ಕಿರುಗುಟ್ಟಿತು, ನೋಡದಿದ್ದರೂ ಗೊತ್ತು, ಬರುತ್ತಿದ್ದಾನೆ, ಎಳೆದು ಇಡುವ ಹೆಜ್ಜೆ, ಎಂಬತ್ತು ದಾಟಿದ ಹೆಜ್ಜೆ, ಈ ಸಲ ಬೀದಿಗೆ ಆ ಬದಿಯೇ ಇಲ್ಲ, ಹಿಂದೆ ನೀರು. ಪೊಥಿತೊಸ್ ಮೇಜಿನ ಮುಂದೆ ನಿಂತ. ನನಗೂ ಒಂದು ಬಟ್ಟಲು ಕೊಡವ್ವ. ಕೊಟ್ಟಳು. ಎಡಗೈಯಲ್ಲಿ ಈಸಿಕೊಂಡು ಮೇಜಿನ ಮೇಲಿಟ್ಟು, ಎಡಗೈಯಲ್ಲೇ ಒಂದು ಚಮಚ ತಿಂದು, ನಿಧಾನವಾಗಿ ನುಂಗಿ, ದೇವರು ಅವನನ್ನ ಕ್ಷಮಿಸಲಿ. ನಾಲಿಗೆಯ ಮೇಲಿನದನ್ನು ಇನ್ನೂ ಸವಿಯುತ್ತಿರುವವನ ಹಾಗೆ ನಿಂತ. ಈ ಮಣ್ಣು ನನಗೆ ಗೊತ್ತು. ದಂಡೆ ಮೇಲೆ ಕೈಯಿಂದ ತೋಡಿದ್ವಿ, ತಲೆ ಈ ಕಡೆಗೆ ಇಟ್ವಿ, ಮನೆ ಕಡೆಗೆ. ಅವನು ಮೂರು ಸಲ ಜಗ್ಗಿದ, ಸೆವಸ್ತಿ, ನಾನು ಮೂರು ಸಲವೂ ಎಳೆದೆ. ಮೇಲೆ ಬಂದ, ಜೀವ ಮಾತ್ರ ಬರಲಿಲ್ಲ. ಅವಳು ತಲೆಯಾಡಿಸಿದಳೋ ಇಲ್ಲವೋ, ಆಡಿಸಿದಳು. ನೀರಿಗಿಳಿಯೋ ಮುಂಚೆ ಕುತ್ತಿಗೆಯಿಂದ ಬಿಚ್ಚಿ ಕೊಟ್ಟ, ಮೇಲೆ ಬಂದು ಈಸ್ಕೋತೀನಿ, ಜೋಪಾನ ಅಂದ. ಕೋಟಿನ ಜೇಬಿನಿಂದ ಬಲಗೈ ಹೊರಗೆ ಬಂತು, ಮುಷ್ಟಿ, ಅದೇ ಮುಷ್ಟಿ, ಬೆರಳ ಗೆಣ್ಣು ಬೆಳ್ಳಗೆ, ಬಾಗಿಲಲ್ಲಿ ಅಮ್ಮ ಇಲ್ಲ, ಬಾಗಿಲೂ ಇಲ್ಲ, ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು, ಕಷ್ಟದಿಂದ, ಬಿಚ್ಚುವುದನ್ನೇ ಮರೆತಂತೆ, ಅಂಗೈ, ಅಂಗೈಯಲ್ಲಿ ಹಳ್ಳ ಬಿದ್ದ ಗುರುತು, ಗುರುತಿನೊಳಗೆ ಬೀಗದಕೈ, ತುಕ್ಕಿನ ಒಂದು ಚುಕ್ಕೆಯಿಲ್ಲ, ನಲವತ್ತಾರು ವರ್ಷ ಚರ್ಮಕ್ಕೆ ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ, ಹಲ್ಲುಗಳು ಸವೆದು ನುಣ್ಣಗಾಗಿ, ಇನ್ನು ಯಾವ ಬೀಗಕ್ಕೂ ಕೂರದು, ಅದನ್ನು ಸಕ್ಕರೆಯ ಮೇಲೆ, ಆ ಖಾಲಿ ಜಾಗದ ಕೆಂಪಿನ ಮೇಲೆ ಇಟ್ಟು ಅವನು ಕೈ ಹಿಂದಕ್ಕೆ ತಗೊಂಡ, ಜೇಬಿಗೆ ಹಾಕಲಿಲ್ಲ, ಆ ಕೈ ಗಾಳಿಯಲ್ಲಿ ಹಾಗೇ, ತೆರೆದು, ಮುಷ್ಟಿಯಿದ್ದ ಕಡೆ ಅಂಗೈ, ಬರೀ ಅಂಗೈ, ಅಂಗೈ