ತಪ್ಪು ಕಾಣಿಕೆ

ಹಲಸಿನ ಹಪ್ಪಳದ ಹಿಟ್ಟು ಯಾರನ್ನೂ ಕಾಯುವುದಿಲ್ಲ. ಬೇಯಿಸಿದ ಸೊಳೆಯನ್ನು ಗುದ್ದಿ ಉಪ್ಪು ಮೆಣಸು ಸೇರಿಸಿದ ಮೇಲೆ ಬಿಸಿಲು ಇರುವಾಗಲೇ ಒತ್ತಿ ಚಾಪೆಗೆ ಹಾಕಬೇಕು, ಇಲ್ಲದಿದ್ದರೆ ಸಂಜೆಗೆಲ್ಲ ಹುಳಿ ವಾಸನೆ ಬರುತ್ತದೆ. ಹಾಗಾಗಿ ಮರ್ಕಂಜದ ಪದ್ಮಯ್ಯನ ಮನೆಯಲ್ಲಿ ಹಪ್ಪಳದ ದಿನ ಯಾರೂ ಕುಳಿತು ಕಾಫಿ ಕುಡಿದದ್ದಿಲ್ಲ. ಆ ದಿನವೂ ಆಚೆಮನೆಯ ಸಫೂರಾ ತನ್ನ ಕೆಲಸ ಮುಗಿಸಿ ನಡುವಿನ ತೋಡಿನ ನೀರು ದಾಟಿ ಬೇಗನೆ ಬಂದಿದ್ದಳು. ಅವಳ ಗಂಡ ಮುಸ್ತಫಾ ದುಬೈಯಲ್ಲಿದ್ದ. ಇಲ್ಲಿ ಒತ್ತಿದ ಹಪ್ಪಳದಲ್ಲಿ ಸಫೂರಾಳ ಮನೆಗೊಂದು ಪಾಲು, ಆ ಮನೆಯ ಹಬ್ಬದ ತಿಂಡಿಯಲ್ಲಿ ಇಲ್ಲಿಗೊಂದು ಪಾಲು ಎನ್ನುವುದು ಯಾರೂ ಮಾತಾಡಿ ಮಾಡಿಕೊಂಡ ಏರ್ಪಾಡಲ್ಲ.

ಪದ್ಮಯ್ಯನ ಹೆಂಡತಿ ಲೋಲಾಕ್ಷಿ ಒತ್ತಿದ ಹಪ್ಪಳಗಳೆಲ್ಲ ಅಂಚಿನಲ್ಲಿ ಹರಿದಿದ್ದವು. ಅವಳ ಕೈ ನಡುಗುತ್ತಿತ್ತು. ಸಫೂರಾ ಏನೂ ಕೇಳದೆ ಹರಿದವನ್ನು ಪುನಃ ಉಂಡೆ ಮಾಡಿ ಒತ್ತಿದಳು.

"ನೀವು ಉಂಡೆ ಕಟ್ಟಿ ಅಕ್ಕ. ಒತ್ತುದು ನಾನು ಮಾಡ್ತೇನೆ."

"ಸೆಕೆಗೆ ಕೈ ಬೆವರ್ತದೆ ಮಾರಾಯ್ತಿ" ಎಂದು ಲೋಲಾಕ್ಷಿ ಒಳಗೆ ಹೋದಳು.

ಚಾಪೆ ತರಲು ಬಂದ ಪದ್ಮಯ್ಯ ಅಡಿಗೆಮನೆಯ ಬಾಗಿಲಲ್ಲೇ ನಿಂತ. ಹೆಂಡತಿ ಜೀರಿಗೆ ಡಬ್ಬಿಯ ಹಿಂದಿನಿಂದ ಮಾತ್ರೆಯ ಹಾಳೆ ತೆಗೆದು, ಒಂದನ್ನು ಬಾಯಿಗೆ ಹಾಕಿ ನೀರು ಕುಡಿಯುವುದು ಕಾಣಿಸಿತು. ನಿದ್ದೆಗೆಂದು ಅವಳು ಮಾತ್ರೆ ತೆಗೆದುಕೊಳ್ಳುವುದು ಅವನಿಗೆ ಗೊತ್ತಿತ್ತು. ಆದರೆ ಈಗ ಬೆಳಗ್ಗೆ.

"ಅದು ರಾತ್ರಿಗೆ ಅಲ್ವಾ? ಹಗಲಿಗೂ ಶುರುವಾಯ್ತಾ?"

"ಒಂದು ಇಲ್ಲದಿದ್ರೆ ಕೈ ನಿಲ್ಲುದಿಲ್ಲ. ಎದೆ ಹೊಡ್ಕೊಳ್ತದೆ. ಈಗ ಬೈಬೇಡಿ, ಹೊರಗೆ ಸಫೂರಾ ಇದ್ದಾಳೆ."

ಪದ್ಮಯ್ಯ ಕೆಟ್ಟವನಲ್ಲ. ಆದರೆ ಅವನಿಗೆ ಲೋಕದ ಎಲ್ಲ ಕಾಯಿಲೆಗೂ ಒಂದೇ ಮದ್ದು ಗೊತ್ತಿತ್ತು, ಮನಸ್ಸು ಗಟ್ಟಿ ಮಾಡಿಕೊಳ್ಳುವುದು. ಅದಕ್ಕೆ ಅವನ ಬಳಿ ಸಾಕ್ಷಿಯೂ ಇತ್ತು. ಅವನ ಅಣ್ಣ ವೆಂಕಟ್ರಮಣ ಒಂದು ಕಾಲದಲ್ಲಿ ಬೆಳಗ್ಗೆ ಎದ್ದರೆ ಸಾರಾಯಿ ಎನ್ನುತ್ತಿದ್ದವನು, ಕುಟುಂಬದ ದೈವದ ಎದುರು ಆಣೆ ಹಾಕಿ ಒಂದೇ ದಿನದಲ್ಲಿ ಬಿಟ್ಟಿದ್ದ. ಈಗ ಆ ಗುಡಿಯಲ್ಲಿ ದೀಪ ಇಡುವವನೇ ಅವನು.

"ಅಣ್ಣನಿಗೆ ಆಗ್ತದೆ, ನಿನಗೆ ಆಗುದಿಲ್ವಾ? ಬರುವ ಸಂಕ್ರಮಣಕ್ಕೆ ಹೋಗುವ" ಎಂದ ಪದ್ಮಯ್ಯ.

ಲೋಲಾಕ್ಷಿ ಒಪ್ಪಿದಳು. ಅವಳಿಗೂ ನಾಚಿಕೆಯಾಗಿತ್ತು. ಡಬ್ಬಿಯ ಹಿಂದೆ ಅಡಗಿಸಿಟ್ಟು ತಿನ್ನುವ ವಸ್ತು ಒಳ್ಳೆಯದಾಗಿರಲು ಸಾಧ್ಯವಿಲ್ಲವೆಂದು ಅವಳ ಮನಸ್ಸೇ ದಿನಾ ಹೇಳುತ್ತಿತ್ತು. ಸಂಕ್ರಮಣದ ದಿನ ಗುಡಿಯ ಎದುರು ನಿಂತು, ಗಂಡ ಹೇಳಿಕೊಟ್ಟಷ್ಟೇ ಹೇಳದೆ ತಾನಾಗಿ ಒಂದು ಮಾತು ಸೇರಿಸಿದಳು: "ಇನ್ನು ಮುಟ್ಟಿದ್ರೆ ನನ್ನ ತಾಳಿಗೇ ಕೇಡಾಗ್ಲಿ." ಮನೆಗೆ ಬಂದು ಉಳಿದ ಮಾತ್ರೆಗಳನ್ನು ಒಲೆಗೆ ಹಾಕಿದಳು. ಆ ರಾತ್ರಿ ಪದ್ಮಯ್ಯ ನೆಮ್ಮದಿಯಿಂದ ಮಲಗಿದ.

ಲೋಲಾಕ್ಷಿ ಮಲಗಲಿಲ್ಲ. ಮರುದಿನ ಮೈಯೆಲ್ಲ ಬೆವರಿತು. ಪಾತ್ರೆಯ ಸದ್ದು ಕೇಳಿದರೂ ತಲೆಗೆ ಹೊಡೆದ ಹಾಗೆ ಆಗುತ್ತಿತ್ತು. ದೈವ ತನ್ನನ್ನು ಪರೀಕ್ಷೆ ಮಾಡುತ್ತಿದೆ ಎಂದುಕೊಂಡು ಹಲ್ಲು ಕಚ್ಚಿ ತಡೆದಳು. ಅದರ ಮರುದಿನ ದೋಸೆಯ ಕಾವಲಿಯ ಎದುರು ನಿಂತವಳು ಹಾಗೆಯೇ ಬಿದ್ದಳು. ಕೈಕಾಲು ಸೆಟೆದು, ಕಣ್ಣು ಮೇಲಾಗಿ, ಬಾಯಿಯಲ್ಲಿ ನೊರೆ ಬಂತು. ಪದ್ಮಯ್ಯ ಓಮ್ನಿಯಲ್ಲಿ ಹಾಕಿಕೊಂಡು ಸುಳ್ಯಕ್ಕೆ ಓಡಿಸಿದ. ಅಲ್ಲಿ ಇಂಜೆಕ್ಷನ್ ಕೊಟ್ಟು ಪುತ್ತೂರಿಗೆ ಹೋಗಲು ಹೇಳಿದರು.

ಪುತ್ತೂರಿನ ಆಸ್ಪತ್ರೆಯಲ್ಲಿ ಅವಳನ್ನು ನೋಡಿದ್ದು ಮನೋವೈದ್ಯೆ ಡಾ. ಚೈತನ್ಯಾ. ಅವರು ಮೊದಲು ಕೇಳಿದ್ದು ಕಾಯಿಲೆಯನ್ನಲ್ಲ, ಮಾತ್ರೆಯನ್ನು. ಯಾವುದು, ಯಾವಾಗಿನಿಂದ, ಯಾರು ಬರೆದುಕೊಟ್ಟದ್ದು.

"ಇವರು ಅಡಿಕೆಗೆ ಕೊಳೆರೋಗದ ಮದ್ದು ಬಿಡುವಾಗ ಮರದಿಂದ ಬಿದ್ರಲ್ಲ, ಆಗ" ಎಂದಳು ಲೋಲಾಕ್ಷಿ. ಮಾತು ಇನ್ನೂ ತೊದಲುತ್ತಿತ್ತು. "ಮಂಗಳೂರಿನ ಆಸ್ಪತ್ರೆಯಲ್ಲಿ ಇವರ ಮಂಚದ ಹತ್ರ ಕೂತು ಕೂತು ನನಗೆ ನಿದ್ದೆ ಹೋಯ್ತು. ಕಣ್ಣು ಮುಚ್ಚಿದ್ರೆ ಇವರು ಬೀಳುದೇ ಕಾಣ್ತಿತ್ತು. ಅಲ್ಲಿಯ ಡಾಕ್ಟ್ರು ಸ್ವಲ್ಪ ದಿನಕ್ಕೆ ಬರ್ಕೊಟ್ರು. ಮುಗಿದ ಮೇಲೆ ಬನ್ನಿ ಹೇಳಿದ್ರು, ನಾನು ಹೋಗ್ಲಿಲ್ಲ. ಪೇಟೆಯಲ್ಲಿ ಅದೇ ಚೀಟಿ ತೋರಿಸಿದ್ರೆ ಕೊಡ್ತಿದ್ರು."

ಪದ್ಮಯ್ಯ ಹೆಂಡತಿಯ ಮುಖ ನೋಡಿದ. ತಾನು ಬಿದ್ದು ವರ್ಷಗಳೇ ಆಗಿದ್ದವು. ಕಾಲಿನ ಮೂಳೆ ಕೂಡಿ, ತೋಟದ ಕೆಲಸಕ್ಕೆ ಮರಳಿ, ಅದನ್ನು ಅವನು ಮರೆತೂ ಬಿಟ್ಟಿದ್ದ. ಆ ಮಾತ್ರೆ ಶುರುವಾದದ್ದು ತನ್ನ ಮಂಚದ ಪಕ್ಕದಲ್ಲಿ ಎಂಬುದು ಅವನಿಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

"ತಪ್ಪು ನಿಮ್ಮೊಬ್ಬರದ್ದು ಅಲ್ಲ" ಎಂದರು ಡಾಕ್ಟರು. "ಹಳೆ ಚೀಟಿಗೆ ಕೊಟ್ಟವರದ್ದೂ ಉಂಟು. ಹೀಗೆ ಆಗ್ಬಹುದು ಅಂತ ಬಿಡಿಸಿ ಹೇಳದ ನಮ್ಮಂಥವರದ್ದೂ ಉಂಟು. ಈಗ ಎಂತ ಮಾಡುದು ನೋಡುವ. ಇಂಜೆಕ್ಷನ್ ನಾಳೆವರೆಗೆ ಹಿಡಿದೀತು. ಅಷ್ಟರೊಳಗೆ ಮಾತ್ರೆ ಪುನಃ ಶುರು ಮಾಡ್ಬೇಕು. ನಿಧಾನಕ್ಕೆ ಕೆಲಸ ಮಾಡುವ ಬೇರೆ ಮಾತ್ರೆ ಕೊಡ್ತೇನೆ, ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡ್ತಾ ಹೋಗುವ."

"ಅದು ಚಟ ಅಲ್ವಾ ಡಾಕ್ಟ್ರೇ?" ಪದ್ಮಯ್ಯನಿಗೆ ತಡೆಯಲಾಗಲಿಲ್ಲ. "ಬಿಡಿಸ್ಲಿಕ್ಕೆ ಪುನಃ ಅದನ್ನೇ ಕೊಡುದಾ?"

"ಚಟ ಅಲ್ಲ, ಶರೀರ ಅದಕ್ಕೆ ಒಗ್ಗಿಹೋಗಿದೆ. ನೀವು ಮರ ಹತ್ತುವವರು. ಕೆಲಸ ಮುಗಿದ ಮೇಲೆ ಕೆಳಗೆ ಹೇಗೆ ಬರ್ತೀರಿ?"

"ಇಳಿದು."

"ಕೈ ಬಿಟ್ರೆ ಬೇಗ ಬರ್ಬಹುದಲ್ಲ?"

ಪದ್ಮಯ್ಯನ ಕೈ ತಾನಾಗಿ ಕಾಲಿನ ಹಳೆಯ ಗಾಯದ ಮೇಲೆ ಹೋಯಿತು.

ಆದರೆ ಲೋಲಾಕ್ಷಿ ಬೇಡವೆಂದಳು. ನರ್ಸ್ ಹಸ್ನಾ ನೀರು, ಮಾತ್ರೆ ತಂದಾಗ ತುಟಿ ಬಿಗಿದು ಮುಖ ತಿರುಗಿಸಿದಳು. ಆಣೆಯ ವಿಷಯ ಆಗ ಹೊರಗೆ ಬಂತು. "ನಾನು ಮುಟ್ಟಿದ್ರೆ ಇವರಿಗೆ ಆಗ್ತದೆ. ನನಗೆ ಎಂತ ಬೇಕಾದ್ರೂ ಆಗ್ಲಿ, ಇವರು ಇನ್ನೊಂದು ಸಲ ಬೀಳುದು ಬೇಡ."

ಡಾ. ಚೈತನ್ಯಾ ನಗಲಿಲ್ಲ, ಬೈಯಲೂ ಇಲ್ಲ. "ದೈವದ ಮಾತಿಗೆ ನಾನು ಎದುರು ಹೇಳುದಿಲ್ಲ. ಆದ್ರೆ ಇನ್ನೊಮ್ಮೆ ಫಿಟ್ಸ್ ಬಂದ್ರೆ ಜೀವಕ್ಕೆ ಅಪಾಯ ಉಂಟು. ಬೆಳಗ್ಗೆವರೆಗೆ ಯೋಚನೆ ಮಾಡಿ" ಎಂದು ಹೋದರು.

ಪದ್ಮಯ್ಯ ಎಷ್ಟು ಬೇಡಿಕೊಂಡರೂ ಅವಳು ಅಲುಗಲಿಲ್ಲ. ಹಟ ಅವಳದ್ದು, ಆದರೆ ಅದನ್ನು ಕಲಿಸಿದವನು ತಾನೇ. ಹಸ್ನಾಳೊಡನೆ "ಸ್ವಲ್ಪ ನೋಡ್ಕೊಳ್ತೀರಾ? ಊರಿಗೆ ಹೋಗಿ ಬರ್ತೇನೆ" ಎಂದು ಹೇಳಿ ಹೊರಟ. "ನೀವು ಹೋಗಿ ಬನ್ನಿ, ನಾನು ಇದ್ದೇನೆ" ಎಂದು ಅವಳು ಲೋಲಾಕ್ಷಿಯ ಮಂಚದ ಪಕ್ಕಕ್ಕೇ ಕುರ್ಚಿ ಎಳೆದುಕೊಂಡಳು.

ವೆಂಕಟ್ರಮಣ ಗುಡಿಯ ಅಂಗಳ ಗುಡಿಸುತ್ತಿದ್ದ. ತಮ್ಮ ಮಿಂದು ಒದ್ದೆ ತಲೆಯಲ್ಲಿ ಬಂದದ್ದನ್ನು ನೋಡಿ ಪೊರಕೆ ಕೆಳಗಿಟ್ಟ.

"ದೀಪ ಇಡು ಅಣ್ಣ. ತಪ್ಪು ಕಾಣಿಕೆ ಹಾಕ್ಲಿಕ್ಕೆ ಉಂಟು."

ವಿಷಯ ಕೇಳಿ ವೆಂಕಟ್ರಮಣನ ಮುಖ ಗಂಟಾಯಿತು. "ಆಣೆ ಅಂದ್ರೆ ಎಂತ ತಿಳ್ಕೊಂಡಿದ್ದಿ? ಇವತ್ತು ಹಾಕಿ ನಾಳೆ ತೆಗಿಲಿಕ್ಕೆ ಆಗ್ತದಾ? ನಾನು ಬಿಡ್ಲಿಲ್ವಾ?"

"ನಿನಗೆ ಆಯ್ತು ಅಂತ ಅವಳನ್ನೂ ಇಲ್ಲಿ ನಿಲ್ಲಿಸಿದೆ ಅಣ್ಣ. ಅವಳು ನನ್ನ ಕಣ್ಣೆದುರು ಸತ್ತು ಹೋಗ್ತಿದ್ದಳು."

ವೆಂಕಟ್ರಮಣ ಗುಡಿಯ ಮೆಟ್ಟಿಲ ಮೇಲೆ ಕುಳಿತ. ಮಾತಾಡಿದಾಗ ದನಿ ಬೇರೆಯಾಗಿತ್ತು. "ನಾನು ಬಿಟ್ಟ ವಾರ ನಿನಗೆ ಗೊತ್ತಿಲ್ಲ. ನೀನು ಗಟ್ಟದ ಮೇಲೆ ಕೆಲಸಕ್ಕೆ ಹೋಗಿದ್ದಿ. ಗೋಡೆಯಲ್ಲಿ ಹಾವು ಹರಿದ ಹಾಗೆ ಕಾಣ್ತಿತ್ತು. ಅಮ್ಮ ನನ್ನನ್ನು ಹಿಡ್ಕೊಂಡು ಕೂತಿದ್ದರು, ಬಿಟ್ರೆ ಬಾವಿಗೆ ಹೋಗ್ತಿದ್ದೆ. ಊರಿನವರು ಮನಸ್ಸು ಗಟ್ಟಿ ಅಂದ್ರು, ನಾನೂ ಹೌದು ಅಂದೆ."

ಅವನು ದೀಪ ಹಚ್ಚಿದ. ಪದ್ಮಯ್ಯ ಕಾಣಿಕೆ ಹಾಕಿ ಕೈ ಮುಗಿದು ನಿಂತ. ದೈವದ ಎದುರು ಅವನಿಗೆ ಚಂದದ ಮಾತು ಬರುತ್ತಿರಲಿಲ್ಲ. "ಹೇಳಿದ್ದು ಅವಳ ಬಾಯಿ, ಹೇಳಿಸಿದ್ದು ನಾನು. ಕಾಯಿಲೆ ಎಂದು ತಿಳಿಯದೆ ಹೋಯ್ತು. ತಪ್ಪು ನನ್ನದು, ಅವಳದ್ದು ಅಲ್ಲ. ಅವಳನ್ನು ಆಣೆಯಿಂದ ಬಿಡಬೇಕು" ಎಂದ. ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ವೆಂಕಟ್ರಮಣ ಗಂಧಪ್ರಸಾದವನ್ನು ಬಾಳೆಲೆಯಲ್ಲಿ ಕಟ್ಟಿ ಕೊಟ್ಟು, "ಅವಳಿಗೆ ಹೇಳು, ಭಾವ ದೀಪ ಇಟ್ಟೇ ಕೊಟ್ಟದ್ದು ಅಂತ" ಎಂದ.

ಬೆಳಗ್ಗೆ ಆಸ್ಪತ್ರೆಯಲ್ಲಿ ಪದ್ಮಯ್ಯ ಹೆಂಡತಿಯ ಹಣೆಗೆ ಗಂಧ ಹಚ್ಚಿದ. ನಡೆದದ್ದನ್ನೆಲ್ಲ ಹೇಳಿದ, ಅಣ್ಣನ ಹಾವಿನ ವಿಷಯವನ್ನೂ. ಮತ್ತೆ ಹಸ್ನಾಳ ಕೈಯಿಂದ ಮಾತ್ರೆ ಇಸಿದುಕೊಂಡು ತಾನೇ ಅವಳ ಮುಂದೆ ಹಿಡಿದ. ಲೋಲಾಕ್ಷಿ ಗಂಡನ ಮುಖವನ್ನೊಮ್ಮೆ, ಮಾತ್ರೆಯನ್ನೊಮ್ಮೆ ನೋಡಿ ಬಾಯಿ ತೆರೆದಳು. ನುಂಗಿದ ಮೇಲೆ ಅಳು ಬಂತು. ಇಷ್ಟು ವರ್ಷಗಳಲ್ಲಿ ಯಾರಿಗೂ ಹೆದರದೆ ಅವಳು ನುಂಗಿದ ಮೊದಲ ಮಾತ್ರೆ ಅದು.

ಅಲ್ಲಿಂದ ಮುಂದಿನ ತಿಂಗಳುಗಳು ಸುಲಭವಾಗಿರಲಿಲ್ಲ. ಕೆಲವು ದಿನ ಮಾತ್ರೆಯನ್ನು ಅರ್ಧ, ಕಾಲು ಎಂದು ಕಡಿಮೆ ಮಾಡಿದಾಗ ಹಳೆಯ ನಡುಕ ಮರಳಿ ಬರುತ್ತಿತ್ತು. ಮಳೆಗಾಲದ ನಡುವೆ ಒಮ್ಮೆ ಅವಳು ಇನ್ನು ಸಾಧ್ಯವೇ ಇಲ್ಲವೆಂದು ಅತ್ತಾಗ, ಡಾ. ಚೈತನ್ಯಾ "ಹಾಗಾದ್ರೆ ಈ ತಿಂಗಳು ಕಡಿಮೆ ಮಾಡುದು ಬೇಡ. ಇಳಿಯುವಾಗ ನಡುವೆ ಸ್ವಲ್ಪ ನಿಂತರೆ ಎಂತದೂ ಆಗುದಿಲ್ಲ" ಎಂದರು. ಪದ್ಮಯ್ಯ ಮೊದಮೊದಲು ಪ್ರತಿ ಸಲ "ಯಾವಾಗ ಮುಗಿತದೆ ಡಾಕ್ಟ್ರೇ?" ಎಂದು ಕೇಳುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟ. ಸಂಜೆ ಅವಳ ಜೊತೆ ಗದ್ದೆಯ ಬದಿಯವರೆಗೆ ನಡೆದು ಬರುವುದನ್ನು ಶುರು ಮಾಡಿದ. ಮದುವೆಯಾದಾಗಿನಿಂದ ಅವರಿಬ್ಬರು ಕೆಲಸವಿಲ್ಲದೆ ಒಟ್ಟಿಗೆ ನಡೆದದ್ದು ಅದೇ ಮೊದಲು.

ಊರಿನಲ್ಲಿ ಮಾತ್ರ ಅವರು ಫಿಟ್ಸ್ ಎಂದಷ್ಟೇ ಹೇಳಿದ್ದರು. ಮಾತ್ರೆಯ ವಿಷಯ ವೆಂಕಟ್ರಮಣನನ್ನು ಬಿಟ್ಟರೆ ಯಾರಿಗೂ ಗೊತ್ತಾಗಲಿಲ್ಲ, ಸಫೂರಾಳಿಗೂ. ನಾಚಿಕೆ ಎನ್ನುವುದು ಮಾತ್ರೆಗಿಂತಲೂ ನಿಧಾನವಾಗಿ ಬಿಡುವ ವಸ್ತು.

ಮಾತ್ರೆಯ ಕೊನೆಯ ಚೂರನ್ನೂ ಬಿಟ್ಟು ಕೆಲವು ವಾರಗಳಾದ ಮೇಲೆ ಪುನಃ ಹಲಸಿನ ಕಾಲ ಬಂತು. ಹಪ್ಪಳದ ದಿನ ಲೋಲಾಕ್ಷಿ ಮಣೆಯ ಎದುರು ಕುಳಿತು ಮೊದಲ ಉಂಡೆಯನ್ನು ಒತ್ತಿ, ಮೇಲಿನ ಪ್ಲಾಸ್ಟಿಕ್ ಹಾಳೆ ಬಿಡಿಸಿ ನೋಡಿದಳು. ಅಂಚು ಎಲ್ಲಿಯೂ ಹರಿಯದೆ ದುಂಡಗೆ ಬಂದಿತ್ತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ಹಾಗೆಯೇ ಅಂಗೈಯಲ್ಲಿ ಹಿಡಿದು ಅಂಗಳದಲ್ಲಿದ್ದ ಗಂಡನಿಗೆ ತೋರಿಸಿದಳು. "ಮೊದಲಿನ ಕಟ್ಟು ಡಾಕ್ಟ್ರಿಗೆ, ಮತ್ತೊಂದು ಹಸ್ನಾಳಿಗೆ" ಎಂದಳು. "ಅಣ್ಣನಿಗೆ ಇಲ್ವಾ?" ಎಂದು ಪದ್ಮಯ್ಯ ನಕ್ಕ.

ಸಫೂರಾ ಈ ಸಲ ತಡವಾಗಿ ಬಂದಳು. ಮುಖ ಬಾಡಿತ್ತು, ಪಾತ್ರೆಯ ಸದ್ದಿಗೂ ಬೆಚ್ಚುತ್ತಿದ್ದಳು. ಮುಸ್ತಫಾ ಮುಂದಿನ ವಾರ ಬರುತ್ತಾನೆಂದು ಹೇಳುವಾಗಲೂ ಖುಷಿ ಕಾಣಲಿಲ್ಲ. ಅವಳು ಒತ್ತಿದ ಮೊದಲ ಹಪ್ಪಳ ಹರಿಯಿತು, ಎರಡನೆಯದೂ ಹರಿಯಿತು.

"ಸೆಕೆಗೆ ಕೈ ಬೆವರ್ತದೆ ಅಕ್ಕ."

ಲೋಲಾಕ್ಷಿಯ ಕೈ ನಿಂತಿತು. ಆ ಮಾತು ಅವಳದ್ದೇ. ಹರಿದ ಹಪ್ಪಳವನ್ನು ಮೌನವಾಗಿ ಉಂಡೆ ಮಾಡಿ ಮುಂದುವರಿಯಬಹುದಿತ್ತು, ಕಳೆದ ವರ್ಷ ಸಫೂರಾ ಪ್ರೀತಿಯಿಂದ ಮಾಡಿದ ಹಾಗೆ. ಅವಳು ಹಾಗೆ ಮಾಡಲಿಲ್ಲ.

"ಎಷ್ಟು ದಿನ ಆಯ್ತು ಬಿಟ್ಟು?"

"ಎಂತ ಬಿಟ್ಟು?"

"ನಾನೂ ತೆಗೊಳ್ತಿದ್ದೆ ಸಫೂರಾ. ಎದೆ ಹೊಡ್ಕೊಳ್ಳುದು ನಿಲ್ಲಿಸುವ ಮಾತ್ರೆ. ವರ್ಷಗಟ್ಟಲೆ. ನನಗೆ ಫಿಟ್ಸ್ ಬಂದದ್ದು ಸುಮ್ಮನೆ ಅಲ್ಲ, ಅದನ್ನು ಒಮ್ಮೆಗೇ ಬಿಟ್ಟದ್ದಕ್ಕೆ."

ಸಫೂರಾ ತಲೆ ತಗ್ಗಿಸಿದಳು. ಒಬ್ಬಳೇ ಮಕ್ಕಳನ್ನೂ ಮನೆಯನ್ನೂ ನೋಡಿಕೊಳ್ಳುವ ಹೆದರಿಕೆಗೆ ಎಂದೋ ಶುರುವಾದದ್ದು, ಹಳೆಯ ಚೀಟಿಯಲ್ಲೇ ನಡೆಯುತ್ತಿತ್ತು. "ಅವರು ಬಂದು ನೋಡಿದ್ರೆ ಎಂತ ಹೇಳಿಯಾರು? ಬರುವ ಮೊದಲು ಬಿಡ್ಬೇಕು ಅಂತ ನಿಯ್ಯತ್ತು ಮಾಡಿದೆ. ನಿನ್ನೆಯಿಂದ ತೆಗೊಳ್ಳಲಿಲ್ಲ. ಗಟ್ಟಿ ಮನಸ್ಸು ಮಾಡಿದ್ದೇನೆ ಅಕ್ಕ."

ಚಾಪೆ ಬಿಡಿಸುತ್ತಿದ್ದ ಪದ್ಮಯ್ಯನಿಗೆ ಕೊನೆಯ ಮಾತು ಕೇಳಿಸಿತು. ಅವನು ಚಾಪೆಯನ್ನು ಅಲ್ಲೇ ಬಿಟ್ಟು ಜಗಲಿಗೆ ಬಂದ.

"ಮನಸ್ಸು ಗಟ್ಟಿಯೇ ಇರ್ಲಿ ಸಫೂರಾ. ಆದ್ರೆ ಕೈ ಬಿಡ್ಬೇಡ. ಬಿದ್ದವನು ಹೇಳ್ತಿದ್ದೇನೆ. ಮಾತ್ರೆ ಬಿಸಾಡಿದ್ದಿಯಾ?"

"ಇಲ್ಲ ಪದ್ಮಯ್ಯಣ್ಣ. ಕಪಾಟಿನಲ್ಲಿ ಉಂಟು."

"ಅದನ್ನು ತಕ್ಕೊಂಡು ಬಾ. ಈಗಲೇ ಪುತ್ತೂರಿಗೆ ಹೋಗುವ. ಡಾಕ್ಟ್ರು ನಗುದಿಲ್ಲ, ಬೈಯುದೂ ಇಲ್ಲ."

ಲೋಲಾಕ್ಷಿ ಅಷ್ಟರಲ್ಲಿ ಹಸ್ನಾಳಿಗೆ ಫೋನ್ ಮಾಡಿಯಾಗಿತ್ತು. ಹಸ್ನಾ ಡಾಕ್ಟರಲ್ಲಿ ಕೇಳಿ, ನಿನ್ನೆಯವರೆಗೆ ತೆಗೆದುಕೊಳ್ಳುತ್ತಿದ್ದಷ್ಟನ್ನು ಈಗ ತೆಗೆದುಕೊಂಡು ಕೂಡಲೇ ಬರಲಿ ಎಂದಳು. ಸಫೂರಾ ಎದ್ದು ನಿಂತು, ಪಾತ್ರೆಯ ತುಂಬ ಇದ್ದ ಹಿಟ್ಟನ್ನು ನೋಡಿ ತಡೆದಳು.

"ಅಕ್ಕ, ಇಷ್ಟು ಹಿಟ್ಟು? ಬರುವಾಗ ಹುಳಿ ಆಗ್ತದೆ."

ಪದ್ಮಯ್ಯ ಪಾತ್ರೆಗೆ ಮುಚ್ಚಳ ಇಟ್ಟ.

"ಆಗ್ಲಿ. ಮರದಲ್ಲಿ ಹಲಸು ಇನ್ನೂ ಉಂಟು" ಎಂದು ಹೇಳಿ ಓಮ್ನಿಯ ಕೀಲಿ ತರಲು ಒಳಗೆ ಹೋದ.

ಲೋಲಾಕ್ಷಿ ಅವನು ಹೋದ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ತೊಳೆದು, ಸಫೂರಾಳ ನಡುಗುವ ಕೈಯನ್ನು ಹಿಡಿದುಕೊಂಡು ಅಂಗಳಕ್ಕೆ ಇಳಿದಳು.