ಶನಿವಾರದ ಗಣಿತಕ್ಕೊಂದು ಕುರ್ಚಿ

ಇಂಗ್ಲೆಂಡಿನ ನಮ್ಮೂರು ಲಡ್ಲೋದಲ್ಲಿ ಮಕ್ಕಳು ಓದುವುದೇ ಇಲ್ಲ. ತಾಯಂದಿರು ನಾವು ಹಾಗೆ ಹೇಳಿಕೊಳ್ಳುತ್ತೇವೆ. ಕೇಂಬ್ರಿಜ್ ಸೇರಲು ಬರೆಯಬೇಕಾದ ಗಣಿತದ ಪರೀಕ್ಷೆಗೆ ನನ್ನ ಮಗಳು ಟ್ಯಾಮ್ಸಿನ್ ಬೇಸಿಗೆಯಿಂದಲೂ ತಯಾರಾಗುತ್ತಿದ್ದಳು. ಒಂದೇ ಲೆಕ್ಕದ ಮುಂದೆ ಮಧ್ಯಾಹ್ನವಿಡೀ ಕೂತು, ಪೆನ್ಸಿಲ್ ಕಚ್ಚಿ, ಬರೆದದ್ದನ್ನೆಲ್ಲ ಹೊಡೆದುಹಾಕಿ, ಮತ್ತೆ ಮೊದಲಿಂದ. ನಾನು ಬಾಗಿಲ ಸಂದಿಯಲ್ಲಿ ಇಣುಕಿ, ಚಹಾ ಇಟ್ಟು, ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದೆ.

ಶಾಲೆಯ ಕೇಕ್ ಮಾರಾಟದ ದಿನ ಪಕ್ಕದ ಮನೆಯ ಫಿಲಿಪಾ ನಿಟ್ಟುಸಿರಿಟ್ಟಳು. "ನಮ್ಮ ಹ್ಯೂಗೋ ಪುಸ್ತಕ ಮುಟ್ಟೋದೇ ಇಲ್ಲ ಕಣೇ. ಬರೀ ರಗ್ಬಿ."

ಹ್ಯೂಗೋನ ಮನೆಪಾಠದ ಮೇಷ್ಟ್ರುಗಳ ಕಾರುಗಳು ನಮ್ಮ ಗೇಟಿಗೇ ಅಡ್ಡ ನಿಲ್ಲುತ್ತಿದ್ದವು.

"ಅಯ್ಯೋ, ನಮ್ಮವಳನ್ನ ನೋಡ್ಬೇಕು ನೀನು," ಎಂದೆ. "ಸದಾ ಸೋಫಾ ಮೇಲೆ ಬಿದ್ಕೊಂಡಿರ್ತಾಳೆ. ಗಣಿತ ಅವಳ ತಲೆಗೆ ಎಲ್ಲಿ ಹತ್ತುತ್ತೆ?"

ನಮ್ಮ ಹಿಂದೆಯೇ ನಿಂತು ಕೇಕ್ ಆರಿಸುತ್ತಿದ್ದವರು ಗಣಿತದ ಹೊಸ ಟೀಚರ್ ಸಾದೊವ್ಸ್ಕಾ. ಪೋಲೆಂಡಿನವರು. ಹೇಳಿದ್ದನ್ನು ಹೇಳಿದಂತೆಯೇ ನಂಬುವವರು.

ಈ ಪರೀಕ್ಷೆಗೆಂದೇ ಶಾಲೆಯಲ್ಲಿ ಹಿಂದಿನಿಂದ ನಡೆದುಬಂದ ಶನಿವಾರದ ತರಗತಿ ಈಗ ಅವರ ಕೈಯಲ್ಲಿತ್ತು; ಅದರಲ್ಲಿ ಜಾಗ ಕಡಿಮೆ. ಅದಿಲ್ಲದೆ ಆ ಪರೀಕ್ಷೆ ಗೆದ್ದವರನ್ನು ನಮ್ಮೂರು ಕಂಡಿಲ್ಲ. ಸೋಮವಾರ ಟ್ಯಾಮ್ಸಿನ್ ಬಿಳಿಚಿಕೊಂಡು ಬಂದಳು.

"ನನ್ನ ಸೀಟು ಬೇರೆಯವರಿಗೆ ಹೋಯ್ತು. ಹ್ಯೂಗೋದೂ ಹೋಯ್ತು. ನಮಗೆ ಓದೋಕೆ ಇಷ್ಟ ಇಲ್ಲ ಅಂತ ಯಾರೋ ಹೇಳಿದ್ರಂತೆ. ಯಾರಮ್ಮ ಅದು?"

ಮರುದಿನ ನಾನು ಹೋದಾಗ ಟೀಚರ ಕೋಣೆಯ ಹೊರಗೆ ಫಿಲಿಪಾ ಆಗಲೇ ನಿಂತಿದ್ದಳು.

"ಕೇಕ್ ಮಾರಾಟದ ದಿನ ಇಲ್ಲಿ ಛತ್ರಿ ಮರೆತಿದ್ದೆ," ಎಂದಳು.

"ನಾನೂ ಅಷ್ಟೇ," ಎಂದೆ.

ಟೀಚರ್ ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದರು.

"ನಮ್ಮ ಟ್ಯಾಮ್ಸಿನ್... ಅಷ್ಟೇನೂ ದಡ್ಡಿ ಅಲ್ಲ," ಎಂದೆ. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

"ದಡ್ಡರಲ್ಲದವರು ಶಾಲೆ ತುಂಬ ಇದಾರೆ. ತಲೆಗೆ ಹತ್ತಲ್ಲ ಅಂತ ನೀವೇ ಅಂದ್ರಲ್ಲ?"

ಬಾಗಿಲು ಮುಚ್ಚಿದೆಯೇ ಎಂದು ನೋಡಿದೆ.

"ಅವಳು ಜಾಣೆ. ಊಟ ಬಿಟ್ಟು ಲೆಕ್ಕ ಮಾಡ್ತಾಳೆ. ಅವಳಿಗೆ ಆ ಸೀಟು ಬೇಕೇ ಬೇಕು."

ಪಕ್ಕದಲ್ಲಿ ಫಿಲಿಪಾ ಇರುವಾಗ ಇದನ್ನು ಹೇಳಿದ್ದು, ಬೀದಿಯಲ್ಲಿ ಮೈಮೇಲಿನ ಬಟ್ಟೆ ಕಳಚಿದಂತಾಯಿತು.

"ನಮ್ಮವನೂ... ಅದೇ," ಎಂದಳು ಫಿಲಿಪಾ, ನೆಲ ನೋಡುತ್ತ.

"ಇದನ್ನ ಆವತ್ತೇ ಹೇಳೋಕೆ ಏನಾಗಿತ್ತು?" ಟೀಚರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಈಗ ಕುರ್ಚಿ ಖಾಲಿ ಇಲ್ಲ. ಮನೆಯಿಂದ ತಂದ್ರೆ ಬಂದು ಕೂತ್ಕೊಳ್ಳಲಿ."

ಶನಿವಾರ ಬೆಳಿಗ್ಗೆ ಕೊರೆಯುವ ಚಳಿ, ಜಿನುಗು ಮಳೆ. ಮಡಚುವ ಕುರ್ಚಿ ಹೊತ್ತು ಟ್ಯಾಮ್ಸಿನ್, ಹ್ಯೂಗೋ ಮುಂದೆ; ಕೊಡೆ ಹಿಡಿದು ನಾವು ಹಿಂದೆ. ಎದುರಾದ ಅಂಚೆಯವನು ಕುರ್ಚಿಗಳನ್ನು ನೋಡಿ ನಿಂತ.

"ಎಲ್ಲಿಗೆ ಹೊರಟ್ರಿ, ಕುರ್ಚಿ ಸಮೇತ?"

"ಪಿಕ್ನಿಕ್ಕಿಗೆ," ಎಂದೆವು ನಾವಿಬ್ಬರೂ, ಒಟ್ಟಿಗೇ.